ಹಾಸಿಗೆ ಹಿಡಿದ ಅವ್ವನಿಗೆ ನಾನು ಬಡಿಸಿದ್ದು

2025ರ ಮೇ ಕೊನೆಯಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಎಡಗಾಲಿನ ತೊಡೆಮೂಳೆ ಸೊಂಟಕ್ಕೆ ಸೇರುವ ಜಾಗದಲ್ಲೇ ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದರು. ಆರು ವಾರ ಆ ಕಾಲಿನ ಮೇಲೆ ಭಾರ ಬಿಡುವ ಹಾಗಿಲ್ಲ ಅಂದರು. ಅವ್ವನಿಗೆ ಆಗ 69 ವರ್ಷ, ತೂಕ 52 ಕಿಲೋ.

ನಾನು ಮೈಸೂರಿನಲ್ಲಿ ಡಯೆಟಿಷಿಯನ್. ಹದಿನಾರು ವರ್ಷದಿಂದ ಬೇರೆಯವರ ಅಪ್ಪ ಅವ್ವಂದಿರಿಗೆ ಊಟದ ಚೀಟಿ ಬರೆಯುತ್ತಿದ್ದೇನೆ. ಅಡ್ಮಿಟ್ ಆದ ದಿನವೇ ಅಭ್ಯಾಸದಂತೆ ಅವ್ವನ ಬಲಗಾಲಿನ ಮೀನಖಂಡಕ್ಕೆ ಟೇಪ್ ಸುತ್ತಿ ಅಳತೆ ಬರೆದುಕೊಂಡೆ. 32 ಸೆಂಟಿಮೀಟರ್. ಮುರಿದ ಕಾಲು ಊದಿಕೊಂಡಿರುತ್ತದೆ, ಅದರ ಅಳತೆ ನಂಬುವ ಹಾಗಿಲ್ಲ. ಅದಕ್ಕೇ ಚೆನ್ನಾಗಿರುವ ಕಾಲನ್ನು ಅಳೆದದ್ದು.

ಡಿಸ್ಚಾರ್ಜ್ ಚೀಟಿಯಲ್ಲಿ ಊಟದ ಬಗ್ಗೆ ಎರಡೇ ಪದ ಇತ್ತು: 'ಲಘು ಆಹಾರ'. ಮಂಡ್ಯದ ಹತ್ತಿರದ ನಮ್ಮೂರಿಗೆ ಕರೆದುಕೊಂಡು ಹೋದೆವು. ದೊಡ್ಡವ್ವ ಅಡುಗೆಮನೆ ವಹಿಸಿಕೊಂಡಳು. ಬೇಳೆ ತಿಂದರೆ ಗಾಯ ಕೀವು ಕಟ್ಟುತ್ತೆ, ಮೊಟ್ಟೆ ನಂಜು, ಕಡಲೆಕಾಯಿ ನಂಜು ಅಂದಳು. ಬೆಳಗ್ಗೆ ಗಂಜಿ, ಮಧ್ಯಾಹ್ನ ಅನ್ನಕ್ಕೆ ತಿಳಿಸಾರು, ಒಂದು ಲೋಟ ಮಜ್ಜಿಗೆ, ರಾತ್ರಿ ಮತ್ತೆ ಗಂಜಿ. ಮಧ್ಯೆ ಕಾಫಿ, ಎರಡು ಬಿಸ್ಕತ್ತು. ಅವ್ವನೂ ಅದಕ್ಕೇ ಒಪ್ಪಿದಳು. "ಮಲಗಿರೋ ಮೈಗೆ ಅನ್ನ ಯಾಕೆ ಮಗ? ಗದ್ದೆಗೆ ಹೋಗ್ತಿದ್ನಾ, ನಾಟಿ ಮಾಡ್ತಿದ್ನಾ?" ಅಂತ ಕೇಳಿದಳು. ನಾನು ಎದುರು ಮಾತಾಡಲಿಲ್ಲ. ಹತ್ತು ಜನ ನೆಂಟರ ಮಧ್ಯೆ ಎರಡು ದಿನ ತಡೆಯೋಣ, ಮೂರು ದಿನ ತಡೆಯೋಣ ಅಂತ ಸುಮ್ನೆ ಇದ್ದುಬಿಟ್ಟೆ. ಆ ದಿನಗಳ ಬಗ್ಗೆ ನನಗೆ ಇವತ್ತಿಗೂ ಸಂಕಟವಿದೆ.

ಬಿದ್ದ ಹನ್ನೊಂದನೇ ದಿನ ಮತ್ತೆ ಟೇಪ್ ಹಿಡಿದೆ. 30 ಸೆಂಟಿಮೀಟರ್. ಅದು ಏನೂ ಆಗದ ಕಾಲು!

ಅವತ್ತು ರಾತ್ರಿ ಅವ್ವ ತಿನ್ನುತ್ತಿದ್ದದ್ದನ್ನೆಲ್ಲ ಕೂಡಿಸಿ ನೋಡಿದೆ. ದಿನಕ್ಕೆ ಸುಮಾರು 24 ಗ್ರಾಂ ಪ್ರೋಟೀನ್, 900 ಕ್ಯಾಲರಿ. ಆರೋಗ್ಯವಾಗಿರುವ ದೊಡ್ಡವರಿಗೇ ನಮ್ಮ ದೇಶದ ಶಿಫಾರಸು ಕಿಲೋ ತೂಕಕ್ಕೆ 0.83 ಗ್ರಾಂ. ಅವ್ವನ ತೂಕಕ್ಕೆ ಅದು 43 ಗ್ರಾಂ ಆಗುತ್ತದೆ. ಕಾಯಿಲೆ ಬಿದ್ದ ವಯಸ್ಸಾದವರಿಗೆ ತಜ್ಞರು ಹೇಳುವುದು 1.2ರಿಂದ 1.5. ಅಂದರೆ 62 ಗ್ರಾಂಗಿಂತ ಕಡಿಮೆ ಇರಬಾರದು. ಅವಳು ಅದರ ಅರ್ಧವೂ ತಿನ್ನುತ್ತಿರಲಿಲ್ಲ.

ಕೆಲಸವಿಲ್ಲದ ಮೈಗೆ ಏನಾಗುತ್ತದೆ ಅಂತ ಎಲ್ಲರಿಗಿಂತ ಸೂಕ್ಷ್ಮವಾಗಿ ಅಳೆದವರು ಬಾಹ್ಯಾಕಾಶದವರು. ಎಂ.ಎಸ್ಸಿ. ಓದುವಾಗ ಸೆಮಿನಾರಿಗೆ ಅಂತ ಓದಿದ್ದೆ, ಆಮೇಲೆ ಮರೆತಿದ್ದೆ. ಆ ರಾತ್ರಿ ಎಲ್ಲ ನೆನಪಾಯಿತು. 1973-74ರಲ್ಲಿ ಅಮೆರಿಕದ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣದಲ್ಲಿ ಮೂರು ತಂಡಗಳು 28, 59, 84 ದಿನ ಇದ್ದವು. ಅವರು ತಿಂದದ್ದಕ್ಕೆಲ್ಲ ಲೆಕ್ಕ ಇಟ್ಟರು. ಮೂತ್ರ, ಮಲವನ್ನೂ ಭೂಮಿಗೆ ತಂದು ಪರೀಕ್ಷಿಸಿದರು. ಪ್ರೋಟೀನಿನ ತೂಕದಲ್ಲಿ ನೂರಕ್ಕೆ ಸುಮಾರು 16 ಪಾಲು ಸಾರಜನಕ. ಒಳಗೆ ಹೋದ ಸಾರಜನಕಕ್ಕಿಂತ ಹೊರಗೆ ಹೋದದ್ದು ಜಾಸ್ತಿಯಾದರೆ ಮೈಯ ಮಾಂಸ ಕರಗುತ್ತಿದೆ ಅಂತ ಅರ್ಥ. ಅವರಲ್ಲಿ ಆದದ್ದು ಅದೇ. ತೂಕವೇ ಇಲ್ಲದ ಕಡೆ ತೂಗುವುದಕ್ಕೆ ಅವರ ಹತ್ತಿರ ಹಿಂದೆ ಮುಂದೆ ಓಲಾಡುವ ಒಂದು ಕುರ್ಚಿ ಇತ್ತು. ಅದು ಎಷ್ಟು ನಿಧಾನವಾಗಿ ಓಲಾಡುತ್ತದೆ ಅನ್ನುವುದರ ಮೇಲೆ ಮೈಯ ಭಾರ ಲೆಕ್ಕ ಹಾಕುತ್ತಿದ್ದರು. ತೂಕದ ಯಂತ್ರದ ಮೇಲೆ ನಿಲ್ಲಲಾಗದ ಅವ್ವನಿಗೆ ನನ್ನ ಹತ್ತಿರ ಇದ್ದದ್ದು ಟೈಲರ್ ಟೇಪ್.

ಎಲ್ಲರನ್ನೂ ಆಕಾಶಕ್ಕೆ ಕಳಿಸಿ ಪರೀಕ್ಷಿಸಲು ಆಗುವುದಿಲ್ಲ ಅಲ್ವಾ? ಅದಕ್ಕೇ ಆರೋಗ್ಯವಂತರನ್ನು ವಾರಗಟ್ಟಲೆ ಮಂಚದಲ್ಲಿ ಮಲಗಿಸಿ ನೋಡುತ್ತಾರೆ. ಎಷ್ಟೋ ಸಲ ತಲೆಯ ಕಡೆ 6 ಡಿಗ್ರಿ ತಗ್ಗು ಮಾಡಿರುತ್ತಾರೆ. ಎದ್ದು ಕೂರುವ ಹಾಗಿಲ್ಲ, ಊಟವೂ ಮಲಗಿಕೊಂಡೇ. ಹಾಗೆ 14 ದಿನ ಮಲಗಿಸಿದ ಒಂದು ಪ್ರಯೋಗದಲ್ಲಿ ಕಂಡದ್ದನ್ನು ನಾನು ದೊಡ್ಡವ್ವನಿಗೆ ಕೆರೆಯ ಲೆಕ್ಕದಲ್ಲಿ ಹೇಳಿದೆ. ನಮ್ಮ ಮಾಂಸಖಂಡ ಒಂದು ಕೆರೆ ಇದ್ದ ಹಾಗೆ. ಊಟದ ಪ್ರೋಟೀನ್ ಒಡೆದು ಬಂದ ಅಮೈನೋ ಆಮ್ಲಗಳು ದಿನಾ ಒಳಗೆ ಸೇರಿ ಮಾಂಸವಾಗುತ್ತವೆ. ಹಳೆಯದು ಒಡೆದು ದಿನಾ ತೂಬಿನಿಂದ ಹೊರಗೆ ಹೋಗುತ್ತದೆ. ಮಲಗಿದಾಗ ತೂಬು ಮೊದಲಿನಷ್ಟೇ ಹರಿಯುತ್ತಿತ್ತು. ಒಳಗೆ ಬರುವ ಕಾಲುವೆಯೇ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಅವ್ವನಿಗೆ ಇದರ ಜೊತೆ ಗಾಯ, ನೋವು, ಆಪರೇಷನ್ನಿನ ಏಟು. ಅವು ತೂಬನ್ನೂ ಅಗಲ ಮಾಡುತ್ತವೆ. ಇಂಥ ಹೊತ್ತಿನಲ್ಲಿ ನಾವು ಗಂಜಿ ಕೊಟ್ಟು ಕಾಲುವೆಗೆ ಅಡ್ಡ ಕಟ್ಟಿದ್ದೆವು.

ನನ್ನನ್ನು ನಿಜವಾಗಿ ಹೆದರಿಸಿದ್ದು ಬೇರೆ ಎರಡು ಅಂಕಿ. ಅಮೆರಿಕದಲ್ಲಿ ಕಡಿಮೆ ವಯಸ್ಸಿನ ಗಟ್ಟಿಮುಟ್ಟಾದ ಗಂಡಸರನ್ನು 28 ದಿನ ಮಲಗಿಸಿದಾಗ ಕಾಲುಗಳಲ್ಲಿ ಕಳೆದುಕೊಂಡ ಮಾಂಸ ಸುಮಾರು 400 ಗ್ರಾಂ. ಸರಾಸರಿ 67 ವರ್ಷದ, ಕಾಯಿಲೆಯಿಲ್ಲದ ಹಿರಿಯರನ್ನು ಬರೀ 10 ದಿನ ಮಲಗಿಸಿದಾಗ ಕಳೆದುಕೊಂಡದ್ದು ಸುಮಾರು ಒಂದು ಕಿಲೋ. ಈ ಹಿರಿಯರಿಗೆ ಶಿಫಾರಸಿನಷ್ಟು, ಅಂದರೆ ಕಿಲೋಗೆ 0.8 ಗ್ರಾಂ ಪ್ರೋಟೀನ್ ಸಿಗುತ್ತಲೇ ಇತ್ತು. ಅವ್ವನಿಗೆ ಅಷ್ಟೂ ಸಿಕ್ಕಿರಲಿಲ್ಲ.

ಮಾರನೇ ದಿನ ಮೊದಲು ಮಾಡಿದ ಕೆಲಸ ಕ್ರಿಯಾಟಿನಿನ್ ರಿಪೋರ್ಟ್ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದದ್ದು. ಕಿಡ್ನಿ ಚೆನ್ನಾಗಿದೆ, ಕೊಡಬಹುದು ಅಂದರು. ಇದನ್ನು ಓದುವವರು ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಕಿಡ್ನಿ ತೊಂದರೆ ಇದ್ದವರಿಗೆ ಲೆಕ್ಕವೇ ಬೇರೆ.

ಆಮೇಲೆ ದೊಡ್ಡವ್ವನ ಜೊತೆ ಕೂತೆ. ಜಗಳ ಮಾಡಲಿಲ್ಲ. ಗಾಯ ಕೂಡುವ ಹೊಸ ಚರ್ಮವೂ ಅಮೈನೋ ಆಮ್ಲದಿಂದಲೇ ಆಗಬೇಕು ಅಂತ ಹೇಳಿದೆ. ಹೊಲಿಗೆ ಒಣಗಿರುವುದನ್ನು ತೋರಿಸಿದೆ. ಮೂರು ದಿನ ಬೇಳೆ ಕೊಟ್ಟು ನೋಡೋಣ, ಕೀವು ಬಂದರೆ ನಿಲ್ಲಿಸೋಣ ಅಂದೆ. ಬರಲಿಲ್ಲ. ನಾಲ್ಕನೇ ದಿನ ದೊಡ್ಡವ್ವನೇ ಮೊಟ್ಟೆ ಬೇಯಿಸಿಕೊಟ್ಟಳು.

ಆದರೆ ಸಾರಿನ ವಿಷಯದಲ್ಲಿ ಬಹಳ ಹೇಳಬೇಕಾಯಿತು. ನಮ್ಮಲ್ಲಿ ಹುರುಳಿ ಬೇಯಿಸಿ, ಕಟ್ಟು ಬಸಿದು ಬಸ್ಸಾರು ಮಾಡುತ್ತಾರೆ. ಕಾಯಿಲೆಯವರಿಗೆ ಸಾರು, ಉಳಿದವರಿಗೆ ಕಾಳಿನ ಪಲ್ಯ. ಪ್ರೋಟೀನಿನ ಹೆಚ್ಚಿನ ಪಾಲು ಆ ಕಾಳಿನಲ್ಲೇ ಉಳಿದಿರುತ್ತದೆ! ಅವ್ವನಿಗೆ ಮೊಳಕೆ ಕಟ್ಟಿದ ಹುರುಳಿಯನ್ನು ನುಣ್ಣಗೆ ಬೇಯಿಸಿ, ಅರೆದು, ಗಟ್ಟಿ ಸಾರು ಮಾಡಿಸಿದೆ. ಜೊತೆಗೆ ಚಿಕ್ಕ ರಾಗಿಮುದ್ದೆ. ರಾಗಿಯಲ್ಲಿ ಲೈಸಿನ್ ಅನ್ನುವ ಅಮೈನೋ ಆಮ್ಲ ಕಡಿಮೆ, ಹುರುಳಿಯಲ್ಲಿ ಅದು ಧಾರಾಳ. ಹುರುಳಿಯಲ್ಲಿ ಮೆಥಿಯೊನಿನ್ ಕಡಿಮೆ, ರಾಗಿ ಅದನ್ನು ತುಂಬಿಕೊಡುತ್ತದೆ. ಮುದ್ದೆ ಮತ್ತು ಕಾಳಿನ ಸಾರನ್ನು ಒಟ್ಟಿಗೆ ಉಣ್ಣುವ ನಮ್ಮ ಪದ್ಧತಿ ನನಗೆ ಎಷ್ಟು ಪ್ರೀತಿಯೋ ಹೇಳಲಾರೆ.

ಇನ್ನೊಂದು ವಿಷಯ ಕಾಲು ಸೂಪು. ಮೂಳೆ ಮುರಿದವರನ್ನು ನೋಡಲು ಬಂದವರೆಲ್ಲ ಅದನ್ನೇ ಹೇಳುತ್ತಾರೆ. ಬಿಸಿಬಿಸಿ ಸೂಪು ಕುಡಿದರೆ ಬಾಯಿರುಚಿ ಬರುತ್ತದೆ, ನಾಲ್ಕು ತುತ್ತು ಜಾಸ್ತಿ ಹೋಗುತ್ತದೆ. ಅದಕ್ಕೆ ನಾನು ಬೇಡ ಅನ್ನಲಿಲ್ಲ. ಆದರೆ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅದರಲ್ಲಿ ಬಿಟ್ಟುಕೊಳ್ಳುವುದು ಜೆಲಾಟಿನ್. ಅಮೈನೋ ಆಮ್ಲಗಳಲ್ಲಿ ಗ್ಲೈಸಿನ್ ಜಾಸ್ತಿ ಇರುತ್ತದೆ, ಟ್ರಿಪ್ಟೊಫಾನ್ ಇರುವುದೇ ಇಲ್ಲ, ಲ್ಯೂಸಿನ್ ಕಡಿಮೆ. ಮಾಂಸ ಕಟ್ಟುವ ಕೆಲಸಕ್ಕೆ ಕೂಗಿ ಎಬ್ಬಿಸುವುದೇ ಲ್ಯೂಸಿನ್. ವಯಸ್ಸಾದವರ ಮೈಗೆ ಆ ಕೂಗು ಸ್ವಲ್ಪ ಜೋರಾಗಿ ಬೇಕು. ಒಂದೇ ಊಟದಲ್ಲಿ 2.5ರಿಂದ 3 ಗ್ರಾಂ ಲ್ಯೂಸಿನ್ ಸಿಗಬೇಕು ಅಂತ ಲೆಕ್ಕ. ದಿನವಿಡೀ ಚೂರುಚೂರು ಪ್ರೋಟೀನ್ ಕೊಟ್ಟರೆ ಆ ಮಟ್ಟ ಮುಟ್ಟುವುದಿಲ್ಲ.

ಅದಕ್ಕೇ ಬೆಳಗಿನ ಊಟವನ್ನು ದೊಡ್ಡದು ಮಾಡಿದೆ. ಎರಡು ಮೊಟ್ಟೆ, ಎರಡು ಇಡ್ಲಿ, ಒಂದು ಲೋಟ ಹಾಲಿಗೆ 20 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ. ಇದೇ ಸುಮಾರು 28 ಗ್ರಾಂ ಪ್ರೋಟೀನ್. ಮಧ್ಯಾಹ್ನ ಮುದ್ದೆ, ಗಟ್ಟಿ ಸಾರು, ಒಂದು ಬಟ್ಟಲು ಮೊಸರು: 16. ಸಂಜೆ ಹುರಿಗಡಲೆ, ಕಡಲೆಕಾಯಿಬೀಜದ ಪುಡಿ ಬೆಲ್ಲದ ಜೊತೆ, ಅರ್ಧ ಲೋಟ ಹಾಲು: 10. ರಾತ್ರಿ ಮೆತ್ತಗೆ ಬೇಯಿಸಿದ ಬೇಳೆ ಅನ್ನ, ಮತ್ತೆ ಹಾಲು: 12. ಸೋಮವಾರ, ಶನಿವಾರ ಅವ್ವ ಮೊಟ್ಟೆ ಮುಟ್ಟುವುದಿಲ್ಲ. ಆ ದಿನ ಪನೀರ್. ಪೂರ್ತಿ ತಿಂದ ದಿನ 65 ಗ್ರಾಂ ದಾಟುತ್ತಿತ್ತು, ಬಿಟ್ಟ ದಿನ 50ಕ್ಕೆ ನಿಲ್ಲುತ್ತಿತ್ತು. ಕ್ಯಾಲರಿ 1,400ಕ್ಕಿಂತ ಇಳಿಯದ ಹಾಗೆ ತುಪ್ಪ ಹಾಕುತ್ತಿದ್ದೆ.

ಈ ತುಪ್ಪದ ಮಾತು ಸಣ್ಣದಲ್ಲ. ಶಕ್ತಿಗೆ ಅನ್ನ, ಎಣ್ಣೆ ಸಾಲದಿದ್ದರೆ ಮೈ ಅಮೈನೋ ಆಮ್ಲವನ್ನೇ ಸೌದೆಯ ಹಾಗೆ ಉರಿಸುತ್ತದೆ. ಮಂಚದ ಪ್ರಯೋಗದಲ್ಲಿ ಊಟ ಕಡಿಮೆ ಮಾಡಿದವರ ಮಾಂಸ ಇನ್ನೂ ಬೇಗ ಕರಗಿತು. ರಷ್ಯಾದ ಮೀರ್ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇದ್ದವರಿಗೆ ಭಾರದ ಸಾರಜನಕ ಸೇರಿಸಿದ ಗ್ಲೈಸಿನ್ ಕೊಟ್ಟು, ಅದು ಮೈಯಲ್ಲಿ ಎಲ್ಲಿ ಹೋಗುತ್ತದೆ ಅಂತ ನೋಡಿದರು. ಊಟ ಕಡಿಮೆ ಮಾಡಿದವರಲ್ಲೇ ಪ್ರೋಟೀನ್ ಕಟ್ಟುವ ಕೆಲಸ ಜಾಸ್ತಿ ಕುಗ್ಗಿತ್ತು.

ಮೂರನೇ ವಾರ ಅವ್ವನಿಗೆ ಮಲಬದ್ಧತೆ ಶುರುವಾಯಿತು. ನೋವಿನ ಮಾತ್ರೆ, ಮಲಗಿರುವುದು, ನನ್ನ ಹಾಲು ಮೊಟ್ಟೆಯ ಊಟ, ಎಲ್ಲ ಸೇರಿ. ಎರಡು ದಿನ ಏನೂ ಬೇಡ ಅಂದಳು. ಸೊಪ್ಪು, ಬಾಳೆಹಣ್ಣು, ಎಳನೀರು ಜಾಸ್ತಿ ಮಾಡಿದೆ. ಇದನ್ನು ಮೊದಲೇ ಮಾಡಬೇಕಿತ್ತು, ಹೊಟ್ಟೆಗಾಗಿ ಮಾತ್ರ ಅಲ್ಲ. ಪ್ರೋಟೀನಿನಲ್ಲಿರುವ ಮೆಥಿಯೊನಿನ್, ಸಿಸ್ಟೀನ್ ಅನ್ನುವ ಎರಡು ಅಮೈನೋ ಆಮ್ಲಗಳಲ್ಲೂ ಗಂಧಕ ಇದೆ. ಅದು ಕೊನೆಗೆ ಆಮ್ಲವಾಗುತ್ತದೆ. ಮಂಚದಲ್ಲಿ ಮಲಗಿಸಿ ಅಮೈನೋ ಆಮ್ಲ ಕೊಟ್ಟ ಪ್ರಯೋಗದಲ್ಲಿ ಮೂತ್ರದ ಆಮ್ಲತೆ ಏರಿ, ಮೂಳೆಯ ಸವೆತದ ಗುರುತುಗಳೂ ಏರಿದ್ದವು. ಸೊಪ್ಪು, ಹಣ್ಣುಗಳ ಪೊಟ್ಯಾಸಿಯಂ ಉಪ್ಪುಗಳು ಆ ಆಮ್ಲವನ್ನು ತಣಿಸುತ್ತವೆ. ಮೂಳೆ ಕೂಡಬೇಕಾದವಳಿಗೆ ಇದು ಬೇಕೇ ಬೇಕಲ್ವಾ?

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಒತ್ತಿ ಹೇಳಬೇಕು. ಬರೀ ಊಟದಿಂದ ಆಗುವುದಿಲ್ಲ. 2005ರಲ್ಲಿ ಫ್ರಾನ್ಸಿನ ಟೂಲೂಸ್‌ನಲ್ಲಿ 24 ಹೆಂಗಸರನ್ನು 60 ದಿನ ಮಲಗಿಸಿದರು. ಎಂಟು ಜನಕ್ಕೆ ಸಾಧಾರಣ ಊಟ, ಎಂಟು ಜನಕ್ಕೆ ಪ್ರೋಟೀನ್ ಮತ್ತು ಲ್ಯೂಸಿನ್ ಜಾಸ್ತಿ ಇದ್ದ ಊಟ, ಇನ್ನೆಂಟು ಜನಕ್ಕೆ ಮಲಗಿದಲ್ಲೇ ವ್ಯಾಯಾಮ. ತೊಡೆಯ ಮಾಂಸ ಉಳಿದದ್ದು ವ್ಯಾಯಾಮ ಮಾಡಿದವರಲ್ಲಿ. ಪ್ರೋಟೀನ್ ಜಾಸ್ತಿ ತಿಂದವರಿಗೆ ಲಾಭ ಕಾಣಲಿಲ್ಲ. ಸ್ಕೈಲ್ಯಾಬ್‌ನ ಕೊನೆಯ ತಂಡ ಎಲ್ಲರಿಗಿಂತ ಹೆಚ್ಚು ದಿನ ಇತ್ತು. ಆದರೂ ಕಾಲಿನ ಬಲ ಎಲ್ಲರಿಗಿಂತ ಕಡಿಮೆ ಕಳೆದುಕೊಂಡಿತು. ಅವರು ಜಾಸ್ತಿ ತಿಂದಿದ್ದರು, ಜಾಸ್ತಿ ವ್ಯಾಯಾಮವನ್ನೂ ಮಾಡಿದ್ದರು. ಎರಡನ್ನೂ.

ಅದಕ್ಕೇ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದನ್ನು ಊಟಕ್ಕೆ ಜೋಡಿಸಿದೆ. ಬೆಳಗಿನ ಊಟಕ್ಕೆ ಮೊದಲು, ಮಧ್ಯಾಹ್ನದ ಊಟಕ್ಕೆ ಮೊದಲು. ಪಾದ ಮೇಲೆ ಕೆಳಗೆ. ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ತೊಡೆ ಬಿಗಿ ಹಿಡಿದು ಐದು ಎಣಿಸುವುದು. ಬಲಗಾಲಿಗೆ ನನ್ನ ಕೈಯೇ ಭಾರ: ನಾನು ಒತ್ತುತ್ತೇನೆ, ಅವ್ವ ತಳ್ಳುತ್ತಾಳೆ. ಒಂದೊಂದು ಸಲ ನೋವಿಗೆ ಅತ್ತಳು. ಅಂಥ ದಿನ ನಿಲ್ಲಿಸುತ್ತಿದ್ದೆ. ಊಟ ಮಾತ್ರ ಎದ್ದು ಕೂತೇ ಮಾಡಬೇಕು ಅಂತ ನಿಯಮ ಮಾಡಿದ್ದೆವು.

ಜೂನ್ 25ಕ್ಕೆ ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟರು. ಅವರು ಮೇಲೆ ಮಾಡಿದ ಪ್ರಯೋಗಗಳಲ್ಲಿ ಒಂದು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯದು. ಭಾರವಿಲ್ಲದ ಕಡೆ ಮಾಂಸಖಂಡದ ಕಾಂಡಕೋಶಗಳು ಯಾಕೆ ಸೋಲುತ್ತವೆ, ಪೋಷಕ ವಸ್ತು ಕೊಟ್ಟರೆ ಚೇತರಿಸುತ್ತವಾ ಅಂತ ನೋಡುವುದು. ನಮ್ಮ ಬೆಂಗಳೂರಿನವರು ಕೇಳುತ್ತಿರುವುದೂ ನಿನ್ನ ಕಾಲಿನ ಪ್ರಶ್ನೆಯೇ ಅಂತ ಅವ್ವನಿಗೆ ಹೇಳಿದೆ. ಅಲ್ಲಿಂದ ಅವಳು ದಿನಾ ಟಿವಿ ಸುದ್ದಿ ನೋಡತೊಡಗಿದಳು. ಅಲ್ಲಿ ಇರುವವರು ದಿನಕ್ಕೆ ಎರಡು ಗಂಟೆ ವ್ಯಾಯಾಮ ಮಾಡುತ್ತಾರೆ ಅಂದಾಗ, "ನಂದು ಅರ್ಧ ಗಂಟೆನೂ ಇಲ್ವಲ್ಲ" ಅಂದಳು. ಮಾರನೇ ದಿನದಿಂದ ಸಂಜೆಯೂ ಒಂದು ಸರದಿ ಸೇರಿತು.

ಜುಲೈ 15ರ ಮಧ್ಯಾಹ್ನ ಶುಕ್ಲಾ ಸಮುದ್ರಕ್ಕೆ ಇಳಿದರು. ಕೈ ಹಿಡಿದು ಹೊರಗೆ ಕರೆತರುವುದನ್ನು ಟಿವಿಯಲ್ಲಿ ತೋರಿಸಿದರು. ಅವ್ವ ಕಣ್ಣು ಮಿಟುಕಿಸದೆ ನೋಡಿದಳು. "ಇಪ್ಪತ್ತು ದಿನಕ್ಕೇ ಆ ಹುಡುಗನ್ನೂ ಹಿಡ್ಕೊಬೇಕಾ?" ಅಂದಳು. ಅದೇ ವಾರ ಎಕ್ಸ್‌ರೇ ನೋಡಿ, ಕಾಲೂರಬಹುದು ಅಂತ ಡಾಕ್ಟರು ಒಪ್ಪಿದರು. ವಾಕರ್ ಹಿಡಿದು ಎದ್ದು ನಿಂತಾಗ ನಾನು ಹಿಂದೆ, ದೊಡ್ಡವ್ವ ಮುಂದೆ. ಮಂಚದಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ.

ಆ ವಾರ ಮೀನಖಂಡ 29.6 ಇತ್ತು. ಇಳಿಕೆ ನಿಲ್ಲಿಸಲು ನನಗೆ ಆಗಲಿಲ್ಲ. ಆದರೆ ಮೊದಲ ಹನ್ನೊಂದು ದಿನದಲ್ಲಿ ಎರಡು ಸೆಂಟಿಮೀಟರ್ ಹೋಗಿತ್ತು, ಆಮೇಲಿನ ಐದು ವಾರದಲ್ಲಿ ಹೋದದ್ದು ಅರ್ಧ ಸೆಂಟಿಮೀಟರಿಗೂ ಕಡಿಮೆ. ಅಕ್ಟೋಬರ್ ಕೊನೆಗೆ 31ಕ್ಕೆ ಬಂತು. ಅವ್ವ ಈಗ ಕುರ್ಚಿಯಿಂದ ಕೈ ಊರದೆ ಎಂಟು ಸಲ ಏಳುತ್ತಾಳೆ. ಭಾನುವಾರ ನಾನು ಊರಿಗೆ ಹೋದರೆ ಅವಳೇ ಟೇಪ್ ತಂದು, ಸೀರೆಯ ನೆರಿಗೆ ಎತ್ತಿ ಕಾಲು ಚಾಚುತ್ತಾಳೆ.