ಹೊಸ ಸೌಲಭ್ಯಕ್ಕೆ ಒಂದೊಂದು ಸ್ವಿಚ್: ತೋಟದ ಆ್ಯಪ್‌ನಲ್ಲಿ ನಾನು ಮಾಡಿದ್ದು

ಗೋಣಿಕೊಪ್ಪದಲ್ಲಿ ಕೂತು ಕಾಫಿ ತೋಟಗಳಿಗೆ ಒಂದು ಲೆಕ್ಕದ ಆ್ಯಪ್ ನಡೆಸುತ್ತಿದ್ದೇನೆ. ಆಳುಗಳ ಹಾಜರಿ, ಮಳೆ ಇಂಚು-ಸೆಂಟ್, ಗೊಬ್ಬರದ ಖರ್ಚು, ಇಷ್ಟೇ. ಹೊಸದೇನಾದರೂ ಸೇರಿಸುವಾಗ ಮೊದಲು ಕೆಲವರಿಗೆ ಕೊಟ್ಟು ನೋಡಬೇಕು. ಹೇಗೆ ಅನ್ನೋದೇ ತಲೆನೋವು.

ಪ್ಲೇ ಸ್ಟೋರ್‌ನಲ್ಲಿ ಪರೀಕ್ಷಾ ಆವೃತ್ತಿ ಬಿಡಬಹುದು. ಆದರೆ ಅದು ಇಡೀ ಆ್ಯಪ್‌ನ ಆವೃತ್ತಿ. ಮಳೆ ಗ್ರಾಫ್ ಮಾತ್ರ ಬೇಕು ಅಂದವರಿಗೂ ಅರೆಬೆಂದ ಬೇರೆಲ್ಲವೂ ಹೋಗುತ್ತದೆ. ಶೇಕಡಾ ಲೆಕ್ಕದಲ್ಲಿ ಹಂತಹಂತವಾಗಿ ಬಿಟ್ಟರೆ ಯಾವ ತೋಟಕ್ಕೆ ಸಿಗುತ್ತದೆ ಅನ್ನೋದು ನಮ್ಮ ಕೈಯಲ್ಲಿಲ್ಲ. ನಿಲ್ಲಿಸಿದರೂ ಆಗಲೇ ಅಪ್‌ಡೇಟ್ ಆದವರಲ್ಲಿ ಅದು ಉಳಿದೇ ಇರುತ್ತದೆ.

ಹಾಗಾಗಿ ಕೋಡ್ ಎಲ್ಲರ ಫೋನಿಗೂ ಕಳಿಸಿ, ಒಂದೊಂದು ಸೌಲಭ್ಯಕ್ಕೂ ಒಂದು ಸ್ವಿಚ್ ಇಟ್ಟೆ. ಸೆಟ್ಟಿಂಗ್ಸ್‌ನಲ್ಲಿ ‘ಹೊಸತು, ಪರೀಕ್ಷೆಯಲ್ಲಿದೆ’ ಅಂತ ಒಂದು ಪುಟ. ಬೇಕಾದವರು ಬೇಕಾದ್ದನ್ನು ಆನ್ ಮಾಡಿಕೊಳ್ಳಲಿ. 2008ರಲ್ಲೇ ಜಿಮೇಲ್ ಲ್ಯಾಬ್ಸ್ ಅನ್ನೋ ಪರೀಕ್ಷಾ ಸೌಲಭ್ಯಗಳ ಪುಟ ಮಾಡಿದ್ದು ಇದನ್ನೇ ಅಲ್ವಾ?

ಮೊದಲು ಬಿಟ್ಟದ್ದು ಕುಯ್ಲಿನ ತೂಕ. ಯಾರು ಎಷ್ಟು ಕೆಜಿ ಹಣ್ಣು ಕುಯ್ದರು ಅಂತ ಬರೆದರೆ ಕೂಲಿ ತಾನೇ ಬರುತ್ತದೆ. ನನಗೆ ಸಲೀಸು ಅನ್ನಿಸಿತ್ತು. ಸಿದ್ದಾಪುರದ ಕಡೆಯ ಒಂದು ತೋಟದ ರೈಟರ್ (ಲೆಕ್ಕ ಬರೆಯುವವರು) ಸಂಜೆ ತೂಕ ಹಾಕುವ ಜಾಗದಿಂದಲೇ ವಾಟ್ಸ್ಆ್ಯಪ್‌ನಲ್ಲಿ ಮಾತಾಡಿ ಕಳಿಸಿದರು: “ಸಾರ್, ಚೀಲದ ತೂಕ ಕಳೆಯೋಕೆ ಜಾಗ ಎಲ್ಲಿದೆ? ಕೈಯೆಲ್ಲಾ ಅಂಟು, ಈ ಸಣ್ಣ ಬಟನ್ ಒತ್ತೋಕೇ ಆಗಲ್ಲ.” ಹಿಂದೆ ಜನ ಸಾಲು ನಿಂತ ಗಲಾಟೆ ಕೇಳುತ್ತಿತ್ತು. ಅಂಕಿಗಳನ್ನು ದೊಡ್ಡದು ಮಾಡಿದೆ. ಚೀಲದ ತೂಕ ಒಮ್ಮೆ ಹಾಕಿದರೆ ನೆನಪಿಟ್ಟುಕೊಳ್ಳುವ ಹಾಗೆ ಬರೆದೆ. ಇಂಥ ಮಾತು ಆಫೀಸಿನಲ್ಲಿ ಕೂತು ಹೊಳೆಯೋದಿಲ್ಲ.

ಆನ್ ಮಾಡೋದು ಸುಲಭ, ಆಫ್ ಮಾಡೋದೇ ಕಷ್ಟದ ಕೆಲಸ. ವಾರದ ನಡುವೆ ರೈಟರ್ ಬೇಡ ಅಂತ ಆಫ್ ಮಾಡಿದರೆ ಆವರೆಗೆ ಬರೆದ ತೂಕ ಎಲ್ಲಿ ಹೋಗಬೇಕು? ಬಟವಾಡೆ ದಿನ ಲೆಕ್ಕ ತಪ್ಪಿದರೆ ಜಗಳ ತೋಟದಲ್ಲಿ ನಡೆಯುತ್ತದೆ, ನನ್ನ ಟೇಬಲ್ ಮೇಲಲ್ಲ. ಅದಕ್ಕೇ ತೂಕ ಬರೆದಾಗಲೆಲ್ಲ ಹಳೇ ಹಾಜರಿ ಪಟ್ಟಿಗೂ ಒಂದು ದಾಖಲೆ ಹೋಗುತ್ತದೆ. ಆಫ್ ಮಾಡಿದರೂ ಹಳೇ ತೂಕ ಓದೋಕೆ ಸಿಗುತ್ತದೆ, ತಿದ್ದೋಕೆ ಮಾತ್ರ ಆಗಲ್ಲ.

ಏನಾದರೂ ಕೆಟ್ಟರೆ ನಾನೇ ದೂರದಿಂದ ಮುಚ್ಚೋಕೆ ಫೈರ್‌ಬೇಸ್ ರಿಮೋಟ್ ಕಾನ್ಫಿಗ್ (ಆ್ಯಪ್ ಸೆಟ್ಟಿಂಗ್ ದೂರದಿಂದ ಬದಲಿಸುವ ಗೂಗಲ್ ಸೇವೆ) ಬಳಸುತ್ತೇನೆ. ಸುಮ್ನೆ ಬಿಟ್ಟರೆ ಅದು 12 ಗಂಟೆಗೊಮ್ಮೆ ಮಾತ್ರ ಹೊಸ ಸೆಟ್ಟಿಂಗ್ ತರುತ್ತದೆ. ನಾನು ಅದನ್ನು ಒಂದು ಗಂಟೆಗೆ ಇಳಿಸಿದ್ದೇನೆ. ಆದರೂ ಕರೆಂಟು, ಸಿಗ್ನಲ್ ಎರಡೂ ಇಲ್ಲದ ಮಳೆಗಾಲದಲ್ಲಿ ತೋಟದ ಫೋನಿಗೆ ನನ್ನ ಮಾತು ತಲುಪೋದೇ ಇಲ್ಲ. ಹೀಗಾಗಿ ಪರೀಕ್ಷೆಯ ಸೌಲಭ್ಯ ಸತತ ಎರಡು ಸಲ ಕ್ರ್ಯಾಶ್ ಆದರೆ ಫೋನೇ ಅದನ್ನು ಆಫ್ ಮಾಡುತ್ತದೆ.

ಒಮ್ಮೆಗೆ ಮೂರಕ್ಕಿಂತ ಜಾಸ್ತಿ ಸ್ವಿಚ್ ಇಡೋದಿಲ್ಲ. ಒಂದೊಂದೂ ಆನ್ ಇಲ್ಲವೇ ಆಫ್ ಅಂದರೆ ಮೂರಕ್ಕೇ ಎಂಟು ಬಗೆಯ ಆ್ಯಪ್ ಆಗುತ್ತದೆ, ಎಂಟನ್ನೂ ಪರೀಕ್ಷಿಸಬೇಕು. ಪ್ರತಿಯೊಂದಕ್ಕೂ ಗಡುವು ಇದೆ: ಮಾರ್ಚಿನಲ್ಲಿ ಕುಯ್ಲು ಮುಗಿದ ಮೇಲೆ ಒಂದೋ ಎಲ್ಲರಿಗೂ, ಇಲ್ಲವೋ ಕಿತ್ತು ಹಾಕೋದು. ತೂಕ ಎಲ್ಲರಿಗೂ ಹೋಯಿತು. ಮಳೆ ಗ್ರಾಫ್ ಆನ್ ಮಾಡಿದವರೇ ಕಡಿಮೆ, ತೆಗೆದೆ. ಸೋಮವಾರಪೇಟೆಯ ಒಬ್ಬ ಹಿರಿಯರು ಮಾತ್ರ ಫೋನ್ ಮಾಡಿ ಬೈದರು. ಅವರಿಗೆ ಅವರ ಮಳೆ ಲೆಕ್ಕವನ್ನೆಲ್ಲ ಎಕ್ಸೆಲ್‌ನಲ್ಲಿ ಕಳಿಸಿಕೊಟ್ಟೆ.