ಪೇಟೆಯಲ್ಲೊಂದು ಸೈಕಲ್ ಟೂರ್: ಗೈಡ್ ಗೊತ್ತು ಮಾಡುವ ಮೊದಲು ಏನೇನು ಕೇಳಬೇಕು

ಕಳೆದ ಡಿಸೆಂಬರ್‌ನಲ್ಲಿ ದಾವಣಗೆರೆಯಿಂದ ನಮ್ಮಕ್ಕ ಬಂದಿದ್ದಳು. ಅವಳಿಗೆ 61, ನನಗೆ 58. ಹೈಸ್ಕೂಲಿಗೆ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಹೋಗುತ್ತಿದ್ದೆವು. ತುಳಿಯೋದು ಅವಳು, ಕ್ಯಾರಿಯರ್ ಮೇಲೆ ನಾನು. ಬೆಂಗಳೂರಿನ ಹಳೇ ಪೇಟೆಯನ್ನು ಅವಳಿಗೆ ಸೈಕಲ್ ಮೇಲೆಯೇ ತೋರಿಸಬೇಕು ಅನ್ನೋದು ನನ್ನ ಬಹಳ ದಿನದ ಆಸೆಯಾಗಿತ್ತು. ಒಬ್ಬ ಗೈಡನ್ನು ನಮ್ಮಿಬ್ಬರಿಗೆ ಮಾತ್ರ ಅಂತ ಗೊತ್ತು ಮಾಡಿಕೊಂಡು ಹೋಗಿ ಬಂದೆವು. ಆಮೇಲೆ ಪರಿಚಯದವರು ಫೋನ್ ಮಾಡಿ ಹೇಗೆ, ಎಷ್ಟು, ನಮ್ಮಿಂದ ಆಗುತ್ತಾ ಅಂತ ಕೇಳುತ್ತಲೇ ಇದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗುಂಪಿನ ಟೂರ್ ಯಾಕೆ ಬೇಡ ಅಂದೆ ಅಂದರೆ, ಅದಕ್ಕೂ ಎರಡು ವರ್ಷ ಮುಂಚೆ ನಾನೊಬ್ಬಳೇ ಒಂದು ಗುಂಪಿನ ಜೊತೆ ಹೋಗಿದ್ದೆ. ಹನ್ನೆರಡು ಜನ. ನನಗೆ ಕೊಟ್ಟ ಸೈಕಲ್ಲಿನ ಸೀಟು ಎತ್ತರ, ಇಳಿಸಲು ಅವರ ಹತ್ತಿರ ಪಾನಾ ಇರಲಿಲ್ಲ. ಸಿಗ್ನಲ್‌ನಲ್ಲಿ ಕಾಲೂರಲು ಆಗದೆ ಪ್ರತಿ ಸಲ ಇಳಿಯಬೇಕಾಗುತ್ತಿತ್ತು. ನಾನು ಹೋಗಿ ಸೇರುವಷ್ಟರಲ್ಲಿ ಗೈಡ್ ಹೇಳೋದನ್ನೆಲ್ಲ ಹೇಳಿ ಮುಗಿಸಿರುತ್ತಿದ್ದರು. ಮನೆಗೆ ಬಂದು ಯೋಚಿಸಿದರೆ ಬೆನ್ನುಗಳನ್ನು ನೋಡಿದ್ದೇ ಜಾಸ್ತಿ.

ಬರೀ ನಿಮಗಾಗಿ ಅಂತ ಒಬ್ಬರು ಬಂದರೆ ಆ ಬೆಳಿಗ್ಗೆ ಪೂರ್ತಿ ನಿಮ್ಮದು. ಆದರೆ ನಿಮಗೆ ಏನು ಬೇಕು ಅಂತ ಮೊದಲೇ ಬಾಯಿಬಿಟ್ಟು ಹೇಳಬೇಕು. ನಮ್ಮ ವಯಸ್ಸಿನ ಹೆಂಗಸರು ಇದರಲ್ಲೇ ಹಿಂದೆ ಬೀಳೋದು. ದುಡ್ಡು ಕೊಟ್ಟ ಮೇಲೂ ಸುಮ್ನೆ ಅವರು ಕರೆದುಕೊಂಡು ಹೋದ ಕಡೆ ಹೋಗುತ್ತೇವೆ.

ಬುಕ್ ಮಾಡುವ ಮುನ್ನ ಫೋನಿನಲ್ಲಿ ಮಾತಾಡಿ. ಮೊದಲು ನಿಮ್ಮ ಎತ್ತರ ಹೇಳಿ. ನಾನು ಐದಡಿ ಒಂದಿಂಚು, ಅಕ್ಕ ನಾಲ್ಕಡಿ ಹನ್ನೊಂದಿಂಚು. ನಡುವೆ ಅಡ್ಡ ಬಾರ್ ಇಲ್ಲದ ಸೈಕಲ್ ಇದೆಯಾ ಕೇಳಿ. ಫೋಟೋ ಕಳಿಸಿ ಅನ್ನಿ. ಗೇರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಪೇಟೆಯಲ್ಲಿ ಅದರ ಕೆಲಸ ಕಡಿಮೆ. ಎರಡೂ ಬ್ರೇಕ್ ಚೆನ್ನಾಗಿ ಹಿಡಿಯಬೇಕು, ಬೆಲ್ ಇರಬೇಕು, ಚೈನಿಗೆ ಕವರ್ ಇರಬೇಕು. ಹೆಲ್ಮೆಟ್ ಅವರೇ ತರುತ್ತಾರಾ ಅಂತಲೂ ಕೇಳಿ.

ಎರಡನೆಯದು, ಹಿಂದೆ ಇನ್ನೊಬ್ಬರು ಬರುತ್ತಾರಾ? ಇಬ್ಬರಿಗೆ ಇಬ್ಬರು ಯಾಕೆ ಅನ್ನಿಸಬಹುದು. ಆದರೆ ಮಾರ್ಕೆಟ್ ಒಳಗೆ ನೀವು ಇಳಿದು ಹೋದಾಗ ಸೈಕಲ್ ಹತ್ತಿರ ನಿಲ್ಲೋರು ಯಾರು? ರಸ್ತೆಯಲ್ಲಿ ನಿಮ್ಮ ಬೆನ್ನ ಹಿಂದಿನ ಆಟೋಗೆ ಕೈ ತೋರಿಸೋರು ಯಾರು? ಮುಂದೆ ಗೈಡ್, ನಡುವೆ ನಾವು, ಕೊನೆಯಲ್ಲಿ ಸಹಾಯಕ್ಕೆ ಒಬ್ಬ ಹುಡುಗ. ಇದಕ್ಕೆ ಸ್ವಲ್ಪ ದುಡ್ಡು ಜಾಸ್ತಿ ಆದರೂ ಕೊಡಿ. ನಮಗೆ ಮೂರೂವರೆ ಗಂಟೆಗೆ ಇಬ್ಬರಿಗೂ ಸೇರಿ 4,500 ರೂಪಾಯಿ ಆಯಿತು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಕನ್ನಡದಲ್ಲಿ ಹೇಳುತ್ತೀರಾ ಅಂತ ಕೇಳಿ. ಇಂಥ ಟೂರ್‌ಗಳಿಗೆ ಬರೋರಲ್ಲಿ ಹೊರಗಿನವರು ಜಾಸ್ತಿ, ಹಾಗಾಗಿ ಗೈಡ್‌ಗಳು ಇಂಗ್ಲಿಷಿನಲ್ಲೇ ಹೇಳಿ ರೂಢಿಯಾಗಿರುತ್ತಾರೆ. ನಾನು ಕೇಳಿದಾಗ ನಮ್ಮ ಗೈಡ್ ಒಂದು ಕ್ಷಣ ಸುಮ್ಮನಾಗಿ, "ಮೇಡಂ, ಕನ್ನಡದಲ್ಲಿ ಇದನ್ನ ಹೇಳಿ ಅಂತ ನನ್ನ ಯಾರೂ ಕೇಳೇ ಇಲ್ಲ" ಅಂದರು. ನಗರ್ತಪೇಟೆಯಲ್ಲೇ ಹುಟ್ಟಿ ಬೆಳೆದ ಹುಡುಗ. ಕನ್ನಡದಲ್ಲಿ ಹೇಳಲು ಶುರು ಮಾಡಿದ ಮೇಲೆ ಅವರಜ್ಜಿಯ ಮಾತು, ಅಂಗಡಿಯವರ ಅಡ್ಡಹೆಸರು, ಯಾವ ಗಲ್ಲಿಯಲ್ಲಿ ಗೋಲಿ ಆಡಿದ್ದು, ಎಲ್ಲ ತಾನಾಗೇ ಬಂತು.

ಆಮೇಲೆ ಒಂದು ಪ್ರಶ್ನೆ ಕೇಳಿ ನೋಡಿ: ಬೆಂಗಳೂರು ಅನ್ನೋ ಹೆಸರು ಹೇಗೆ ಬಂತು? ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು ಅನ್ನೋ ಕತೆ ಎಲ್ಲರಿಗೂ ಗೊತ್ತು. ಆದರೆ ಬೇಗೂರಿನ ದೇವಸ್ಥಾನದಲ್ಲಿರುವ ಒಂಬತ್ತನೇ ಶತಮಾನದ ಶಾಸನದಲ್ಲೇ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಬಲ್ಲಾಳ ಬಂದದ್ದು ಅದಾದ ಸುಮಾರು ಮುನ್ನೂರು ವರ್ಷಕ್ಕೆ. ಒಳ್ಳೆ ಗೈಡ್ ಎರಡನ್ನೂ ಹೇಳಿ, ಇದು ಕತೆ, ಇದು ಶಾಸನ ಅಂತ ಬಿಡಿಸಿ ತೋರಿಸುತ್ತಾರೆ. ಬರೀ ಕತೆ ಹೇಳಿ ಬಿಟ್ಟರೆ ಇನ್ನೊಬ್ಬರಿಗೆ ಫೋನ್ ಮಾಡಿ.

ಒಪ್ಪಿಕೊಂಡದ್ದನ್ನೆಲ್ಲ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ಅವರಿಂದ ಸರಿ ಅಂತ ಉತ್ತರ ತರಿಸಿಕೊಳ್ಳಿ. ದಿನ, ಸಮಯ, ಎಲ್ಲಿ ಶುರು, ಎಲ್ಲಿ ಕೊನೆ, ಮಳೆ ಬಂದರೆ ಮುಂಗಡ ವಾಪಸ್ಸಾ ಅಥವಾ ಬೇರೆ ದಿನವಾ, ಇಷ್ಟು ಸಾಕು.

ಎಲ್ಲಿ ಕೊನೆ ಅನ್ನೋದನ್ನು ಯಾರೂ ಯೋಚಿಸಲ್ಲ. ನಾವು ಶುರು ಮಾಡಿದ ಕಬ್ಬನ್ ಪಾರ್ಕ್ ಮೇಲಿದೆ, ಕೆ.ಆರ್. ಮಾರ್ಕೆಟ್ ತಗ್ಗಿನಲ್ಲಿದೆ. ಹೋಗುವಾಗ ಇಳಿಜಾರು, ಹಾಯಾಗಿರುತ್ತದೆ. ವಾಪಸ್ ಬರುವಾಗ ಬಿಸಿಲೇರಿರುತ್ತದೆ, ಮೊಣಕಾಲು ಸೋತಿರುತ್ತದೆ, ರಸ್ತೆಗೆ ಬಸ್ಸುಗಳು ಇಳಿದಿರುತ್ತವೆ. ಅದಕ್ಕೆ ಮಾರ್ಕೆಟ್ ಹತ್ತಿರವೇ ಮುಗಿಸಿ ಅಂದೆ. ಸೈಕಲ್ ಅವರೇ ವ್ಯಾನಿನಲ್ಲಿ ಹಾಕಿಕೊಂಡು ಹೋದರು. ನಾವು ತುಳಿದದ್ದು ಒಟ್ಟು ಏಳೆಂಟು ಕಿಲೋಮೀಟರ್ ಅಷ್ಟೇ.

ದಿನ ಅಂದರೆ ಭಾನುವಾರ. ಕಬ್ಬನ್ ಪಾರ್ಕ್ ಒಳಗೆ ಅವತ್ತು ಗಾಡಿ ಬಿಡಲ್ಲ. ಪೇಟೆಯಲ್ಲೂ ಎಷ್ಟೋ ಅಂಗಡಿ ಮುಚ್ಚಿರುತ್ತವೆ. ಡಿಸೆಂಬರ್, ಜನವರಿಯಲ್ಲಿ ಆರೂವರೆ ಮೇಲೆ ಬೆಳಕಾಗೋದು, ಅದಕ್ಕೆ ಮುಂಚೆ ಹೊರಟರೆ ಗುಂಡಿ ಕಾಣಲ್ಲ. ಭಾನುವಾರ ಮೆಟ್ರೋ ತಡವಾಗಿ ಶುರುವಾಗುತ್ತದೆ, ಹೋಗೋಕೆ ಆಟೋಗೆ ರಾತ್ರಿಯೇ ಹೇಳಿಟ್ಟಿರಿ. ಕರಗದ ಹಿಂದೆಮುಂದಿನ ದಿನಗಳಲ್ಲಿ ಮಾತ್ರ ಬೇಡ. ಆಗ ಪೇಟೆಗೆ ನಡೆದೇ ಹೋಗಬೇಕು, ಅದರ ಸೊಗಸೇ ಬೇರೆ.

ಬಟ್ಟೆ ವಿಷಯ. ಚೂಡಿದಾರ ಆದರೆ ದುಪಟ್ಟಾ ಮನೆಯಲ್ಲೇ ಬಿಡಿ. ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡರೆ ಕತ್ತಿಗೇ ಬರುತ್ತದೆ. ಅಗಲ ಪ್ಯಾಂಟಾದರೆ ಬಲಗಾಲಿನ ಹತ್ತಿರ ಒಂದು ರಬ್ಬರ್ ಬ್ಯಾಂಡ್ ಹಾಕಿ. ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರೋದು ಇಲ್ಲವೇ ಶೂ. ಹತ್ತು, ಇಪ್ಪತ್ತರ ನೋಟು ಇಟ್ಟುಕೊಳ್ಳಿ, ಹೂವಿನವರ ಹತ್ತಿರ ಬೆಳಿಗ್ಗೆ ಬೆಳಿಗ್ಗೆ ಚಿಲ್ಲರೆ ಇರಲ್ಲ.

ಸೈಕಲ್ ಕೈಗೆ ಬಂದ ಮೇಲೆ ಮುಲಾಜು ಬೇಡ. ಸೀಟಿನ ಮೇಲೆ ಕೂತಾಗ ಎರಡೂ ಪಾದದ ಮುಂಭಾಗ ನೆಲಕ್ಕೆ ಮುಟ್ಟಬೇಕು. ಗೊತ್ತಿದ್ದವರು ಸೀಟು ಇನ್ನೂ ಮೇಲಿರಬೇಕು ಅಂತಾರೆ. ಉದ್ದ ದಾರಿಗೆ ಅದು ಸರಿ. ಹೆಜ್ಜೆಹೆಜ್ಜೆಗೂ ನಿಲ್ಲಿಸುವ ಊರಿನಲ್ಲಿ ಕಾಲೂರೋದೇ ಮುಖ್ಯ. ಟೈರ್ ಒತ್ತಿ ನೋಡಿ, ಗಾಳಿ ಇದೆಯಾ. ಪಾರ್ಕಿನೊಳಗೆ ಒಂದು ಪೂರ್ತಿ ಸುತ್ತು ಹೊಡೆಯುತ್ತೇವೆ ಅನ್ನಿ. ಅಕ್ಕ ಇಪ್ಪತ್ತು ವರ್ಷವಾಗಿತ್ತು ಹ್ಯಾಂಡಲ್ ಹಿಡಿದು. ಮೊದಲ ನೂರು ಅಡಿ ಸೈಕಲ್ ಹಾವಿನಂತೆ ಹೊರಳಿತು. ಹೈಕೋರ್ಟಿನ ಕೆಂಪು ಗೋಡೆ ಕಾಣುವಷ್ಟರಲ್ಲಿ ನೆಟ್ಟಗೆ ಕೂತಿದ್ದಳು, ಹೈಸ್ಕೂಲಿಗೆ ಹೋಗುವಾಗ ಕೂರುತ್ತಿದ್ದ ಹಾಗೇ.

ರಸ್ತೆಗಿಳಿದ ಮೇಲೆ ಒಬ್ಬರ ಹಿಂದೆ ಒಬ್ಬರು, ನಡುವೆ ಎರಡು ಸೈಕಲ್ಲಿನಷ್ಟು ಜಾಗ. ನಿಂತ ಕಾರುಗಳ ಪಕ್ಕದಲ್ಲಿ ಒಂದು ಬಾಗಿಲು ತೆರೆಯುವಷ್ಟು ದೂರ. ನಿಂತ ಬಸ್ಸಿನ ಎಡಗಡೆ ನುಗ್ಗಲೇಬೇಡಿ, ಹಿಂದೆಯೇ ನಿಲ್ಲಿ. ಜನ ಇಳಿಯೋದು ಆ ಕಡೆಯೇ. ರಸ್ತೆ ಖಾಲಿ ಇದೆ ಅಂತ ಗೈಡ್ ಒನ್‌ವೇನಲ್ಲಿ ಎದುರು ಹೊರಟರೆ ನೀವು ಇಳಿದು ಬಿಡಿ. ನಾವು ಒಂದು ಕಡೆ ಇಳಿದೆವು. ಅವರೂ ತಕ್ಷಣ ಇಳಿದು ತಳ್ಳಿಕೊಂಡು ಬಂದರು.

ವಿಧಾನಸೌಧದ ಮುಂದಿಂದ ಮೈಸೂರು ಬ್ಯಾಂಕ್ ಸರ್ಕಲ್‌ಗೆ ಬಂದೆವು. ಆ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು, ಸರ್ಕಲ್ಲಿಗೆ ಮಾತ್ರ ಜನ ಹಳೇ ಹೆಸರೇ ಉಳಿಸಿಕೊಂಡಿದ್ದಾರೆ. ಅಲ್ಲಿಂದ ಅವೆನ್ಯೂ ರಸ್ತೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರಿನ ದೊಡ್ಡಪೇಟೆ ಇದೇ. ಅದಕ್ಕೆ ಅಡ್ಡಲಾಗಿ ಚಿಕ್ಕಪೇಟೆ. ಎರಡೂ ಸೇರುವ ಚೌಕದಲ್ಲಿ ನಿಲ್ಲಿಸಿ ಅಂತ ಕೇಳಿ, ಸೈಕಲ್ ಬದಿಗೆ ಹಾಕಿ ಹತ್ತು ನಿಮಿಷ ನಿಲ್ಲಿ. ನಾಲ್ಕು ಜೋಡಿ ಎತ್ತುಗಳನ್ನು ಇಲ್ಲಿಂದ ನಾಲ್ಕು ದಿಕ್ಕಿಗೆ ಬಿಟ್ಟರು, ಅವು ನಿಂತ ಕಡೆ ಊರಿನ ಬಾಗಿಲು ಆಯಿತು ಅನ್ನೋದು ಕತೆ. ಕತೆ ಅಂತ ಹೇಳಿಯೇ ನಮ್ಮ ಗೈಡ್ ಹೇಳಿದರು. ಆಮೇಲೆ ಪೇಟೆಗಳ ಹೆಸರು ಕೇಳಿ: ಅರಳೇಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಎಲ್ಲಿ ಏನು ಮಾರುತ್ತಿದ್ದರು, ಯಾರು ಇದ್ದರು ಅಂತ ಹೆಸರೇ ಹೇಳುತ್ತದೆ. ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ ಎಷ್ಟು ಸಮಯ ಹೋಗುತ್ತದೆ, ನೀವೇ ಯೋಚಿಸಿ. ಕನ್ನಡದಲ್ಲಿ ಹೆಸರು ಕೇಳಿದರೆ ಸಾಕು. ಅಕ್ಕ ಒಂದೊಂದಕ್ಕೂ ದಾವಣಗೆರೆಯ ಬೀದಿ ನೆನಪಿಸಿಕೊಂಡಳು.

ಅದೇ ರಸ್ತೆಯಲ್ಲಿ ರೈಸ್ ಸ್ಮಾರಕ ಚರ್ಚ್ ಇದೆ. ಗುಂಪಿನ ಟೂರ್‌ನಲ್ಲಿ ಅದರ ಮುಂದೆ ನಿಲ್ಲಿಸಿರಲೇ ಇಲ್ಲ. ಪಾದ್ರಿ ಬೆಂಜಮಿನ್ ರೈಸ್ ಅವರ ನೆನಪಿಗೆ ಇಟ್ಟ ಹೆಸರು. ಅವರ ಮಗ ಬಿ.ಎಲ್. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ಊರೂರು ಸುತ್ತಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಸೇರಿಸಿ ಅಚ್ಚು ಮಾಡಿಸಿದವರು. ನಮ್ಮ ಭಾಷೆಗೆ ಇಷ್ಟು ದೊಡ್ಡ ಕೆಲಸ ಮಾಡಿದವರ ಮನೆತನದ ಹೆಸರಿನ ಮುಂದೆ ಎರಡು ನಿಮಿಷ ನಿಲ್ಲಬೇಕು ಅನ್ನೋದು ನನ್ನ ಹಟ. ನಿಂತೆವು.

ನಗರ್ತಪೇಟೆ ದಾಟಿ ಧರ್ಮರಾಯಸ್ವಾಮಿ ದೇವಸ್ಥಾನ. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡೋದು ಇಲ್ಲಿಂದಲೇ, ದಾರಿಯಲ್ಲಿ ಅರಳೇಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಈ ಗಲ್ಲಿಗಳಲ್ಲಿ ಸೈಕಲ್ ತುಳಿಯಬೇಡಿ, ತಳ್ಳಿಕೊಂಡು ಹೋಗಿ. ರಂಗೋಲಿ ಹಾಕುತ್ತಿರುತ್ತಾರೆ, ಮಕ್ಕಳು ಓಡಾಡುತ್ತಿರುತ್ತಾರೆ, ಹಾಲಿನವರ ಗಾಡಿ ನಿಂತಿರುತ್ತದೆ. ತಳ್ಳಿಕೊಂಡು ಹೋಗುವವರ ಜೊತೆ ಜನ ತಾವೇ ಮಾತಾಡುತ್ತಾರೆ. ರಂಗೋಲಿ ಹಾಕುತ್ತಿದ್ದ ಒಬ್ಬ ಅಜ್ಜಿ "ಯಾವೂರಮ್ಮ?" ಅಂತ ಶುರು ಮಾಡಿ, ಅಕ್ಕನ ಸೊಸೆಯ ಊರಿನವರೆಗೂ ಹೋದರು. ಕಾಲು ಗಂಟೆ ಹೋಯಿತು. ಗೈಡ್ ಗಡಿಯಾರ ನೋಡಲಿಲ್ಲ. ಮುಂದೆ ನೋಡಬೇಕಿದ್ದ ಕೋಟೆಯ ಸಮಯ ಕಡಿಮೆ ಮಾಡೋಣ ಅಂದೆ, ಸರಿ ಅಂದರು. ಬೇರೆ ಹತ್ತು ಜನ ಜೊತೆಯಲ್ಲಿದ್ದರೆ ಈ ಮಾತು ಆಡೋಕೆ ಆಗುತ್ತಿತ್ತಾ?

ಕೆ.ಆರ್. ಮಾರ್ಕೆಟ್ ಹೂವಿನ ಸಂತೆಗೆ ಎಂಟರೊಳಗೆ ಹೋಗಬೇಕು. ಸೈಕಲ್ ಹೊರಗೆ ಹುಡುಗನ ಹತ್ತಿರ ಬಿಟ್ಟು, ಕೈಚೀಲ ಮುಂದಕ್ಕೆ ಹಾಕಿಕೊಂಡು ನಡೆಯಿರಿ. ನೆಲ ಒದ್ದೆ, ಜಾರುತ್ತದೆ. ತಲೆ ಮೇಲೆ ಮೂಟೆ ಹೊತ್ತವರು ನಿಲ್ಲೋಕಾಗಲ್ಲ, "ಸೈಡು, ಸೈಡು" ಅಂದ ಕೂಡಲೇ ಗೋಡೆಗೆ ಒತ್ತಿ ನಿಲ್ಲಿ. ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ. ಅವರು ನಡುರಾತ್ರಿಯಿಂದ ದುಡಿಯುತ್ತಿರುತ್ತಾರೆ. ಸೇವಂತಿಗೆಯ ರಾಶಿ, ಚೆಂಡುಹೂವಿನ ಗುಡ್ಡ, ಕನಕಾಂಬರ, ಸುಗಂಧರಾಜ, ಈ ವಾಸನೆಗೆ ಅಕ್ಕ ಕಣ್ಣು ಮುಚ್ಚಿ ನಿಂತುಬಿಟ್ಟಳು. ಆಮೇಲೆ ಕಾಕಡ ಮಾರೆಷ್ಟು ಅಂತ ಕೇಳಿದಳು. ಹೂವಿನಾಕೆ ಅಳೆದು ಕೊಟ್ಟದ್ದನ್ನು ತಾನೂ ಎರಡು ಕೈ ಚಾಚಿ ಅಳೆದಳು. ಗೇಣು ಕಡಿಮೆ ಇತ್ತು. ಆಕೆ ನಕ್ಕು, "ನಿನ್ ಕೈನೇ ಉದ್ದ ಕಣಕ್ಕ" ಅನ್ನುತ್ತಾ ಇನ್ನೊಂದು ಮೊಳ ಸೇರಿಸಿದರು. ಇದನ್ನು ಯಾವ ಗೈಡೂ ಹೇಳಿ ತೋರಿಸಲು ಆಗಲ್ಲ, ಅಲ್ವಾ.

ಕೋಟೆಯದು ಬೇಗ ಮುಗಿಯುತ್ತದೆ. ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಹೈದರಾಲಿ 1761ರಲ್ಲಿ ಕಲ್ಲಿನದಾಗಿ ಮಾಡಿಸಿದ. ಈಗ ಉಳಿದಿರೋದು ದೆಹಲಿ ಬಾಗಿಲು ಮತ್ತು ಒಂದಿಷ್ಟು ಗೋಡೆ. ಕಾರ್ನ್‌ವಾಲಿಸ್‌ನ ಸೈನ್ಯ 1791ರ ಮಾರ್ಚ್ 21ರಂದು ಒಡೆದು ಒಳನುಗ್ಗಿದ ಜಾಗದಲ್ಲಿ ಒಂದು ಫಲಕ ಇದೆ, ಅದನ್ನು ತೋರಿಸಿ ಅಂತ ಕೇಳಿ. ಬಸ್ಸಿನಲ್ಲಿ ಅದರ ಪಕ್ಕದಲ್ಲೇ ನೂರು ಸಲ ಹೋಗಿದ್ದೆ, ನೋಡಿರಲಿಲ್ಲ. ಒಳಗೆ ಹೋಗಬೇಕು ಅಂದರೆ ಬಾಗಿಲು ತೆರೆಯುವ ಸಮಯ ಹಿಂದಿನ ದಿನವೇ ವಿಚಾರಿಸಿ. ಟಿಪ್ಪುವಿನ ತೇಗದ ಅರಮನೆಗೂ ಇದೇ ಮಾತು.

ತಿಂಡಿ ಟೂರಿನ ಕೊನೆಗಿರಲಿ. ಹೊಟ್ಟೆ ತುಂಬ ತಿಂದು ಪೆಡಲ್ ತುಳಿಯೋದು ಕಷ್ಟ. ಹೊರಡುವ ಮುಂಚೆ ಒಂದು ಬಾಳೆಹಣ್ಣು ಸಾಕು. ಗೈಡ್ ಮತ್ತು ಆ ಹುಡುಗ ಇಬ್ಬರನ್ನೂ ಜೊತೆಗೆ ಕೂರಿಸಿಕೊಂಡು ಇಡ್ಲಿ ತಿನ್ನಿ. ಉಳಿದ ದುಡ್ಡು ಅಲ್ಲೇ ಕೊಟ್ಟುಬಿಡಿ. ಮೇಲೆ ಏನಾದರೂ ಕೊಡೋದಿದ್ದರೆ ಹಿಂದೆ ಬಂದ ಹುಡುಗನ ಕೈಗೆ ಬೇರೆಯಾಗಿ ಕೊಡಿ. ಮೂರೂವರೆ ಗಂಟೆ ನಮ್ಮ ಬೆನ್ನು ಕಾದವನು ಅವನು.

ವಾಪಸ್ಸಿಗೆ ಮಾರ್ಕೆಟ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ. ಎರಡನೇ ಸ್ಟೇಷನ್ ಮೆಜೆಸ್ಟಿಕ್, ಅಲ್ಲಿ ಲೈನ್ ಬದಲಿಸಿದರೆ ನಮಗೆ ವಿಜಯನಗರ. ಅಕ್ಕ ಕಾಕಡದ ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು, ಹ್ಯಾಂಡಲ್ ಹಿಡಿದು ಕೆಂಪಾದ ಅಂಗೈ ನೋಡಿಕೊಳ್ಳುತ್ತಿದ್ದಳು. "ಮುಂದಿನ ಸಲ ಬಸವನಗುಡಿ ಕಡೆ ಹೋಗೋಣ, ಆದರೆ ಅಲ್ಲಿ ಏರು ಜಾಸ್ತಿ" ಅಂದೆ. "ಮೇಲಿಂದ ಶುರು ಮಾಡು ಅಂತ ಆ ಗೈಡ್ ಹುಡುಗನಿಗೆ ಈಗಲೇ ಹೇಳಿಡೇ" ಅಂದಳು. ಹೊಸಹಳ್ಳಿ ಬರುವಷ್ಟರಲ್ಲಿ ಮೆಸೇಜ್ ಕಳಿಸಿದ್ದೆ.