ತಲೆಗೆ ಪೆಟ್ಟು ಬಿದ್ದ ಮೇಲೆ ಎಷ್ಟು ದಿನ ಮಲಗಬೇಕು, ಯಾವಾಗ ಎದ್ದು ನಡೆಯಬೇಕು?

ಮಳೆಗಾಲದ ಒಂದು ಸಂಜೆ ಸ್ಕೂಟರ್‌ನಿಂದ ಬಿದ್ದೆ. ಬಣ್ಣ ಮಾಸಿದ ಹಂಪ್, ಅದರ ಮೇಲೆ ನಿಂತ ನೀರು. ಕಾಣಲೇ ಇಲ್ಲ. ಹೆಲ್ಮೆಟ್ ಇತ್ತು, ಹಾಗಾಗಿ ತಲೆ ಒಡೆಯಲಿಲ್ಲ. ಸುತ್ತ ಸೇರಿದವರಿಗೆ "ಏನೂ ಆಗಿಲ್ಲ" ಅಂತ ಹೇಳಿದ್ದು ನೆನಪಿದೆ. ಅದನ್ನೇ ಐದು ನಿಮಿಷದಲ್ಲಿ ನಾಲ್ಕು ಸಲ ಹೇಳಿದೆನಂತೆ. ಅದು ನೆನಪಿಲ್ಲ.

ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ನಾರ್ಮಲ್ ಬಂತು. "ರೆಸ್ಟ್ ಮಾಡಿ, ಸರಿಹೋಗುತ್ತೆ" ಅಂದರು. ಎಷ್ಟು ದಿನ ಅಂತ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಮ್ಮ ಕಿಟಕಿಗೆ ಹಳೆ ಬೆಡ್‌ಶೀಟ್ ಕಟ್ಟಿದರು. ಟಿವಿ ಬಂದ್, ಮೊಬೈಲ್ ಬಂದ್, ಮಾತೂ ಕಡಿಮೆ. ಹಾಗೆ ಆರು ವಾರ ಮಲಗಿದೆ. ಕೊನೆಗೆ ಬಚ್ಚಲಿಗೆ ಹೋಗಿ ಬಂದರೂ ಏದುಸಿರು. ತಲೆ ತಿರುಗಿಸಿದರೆ ಗೋಡೆ ಅರ್ಧ ಸೆಕೆಂಡ್ ತಡವಾಗಿ ಹಿಂದೆ ಬರುತ್ತಿತ್ತು.

ಅದೇ ವರ್ಷ ಅಕ್ಕನ ಮಗನಿಗೆ ಕಬಡ್ಡಿಯಲ್ಲಿ ಎದುರಾಳಿಯ ಮೊಣಕಾಲು ತಲೆಗೆ ಬಡಿಯಿತು. ಅವನು ಮೂರನೇ ದಿನ ಬೀದಿಯಲ್ಲಿ ನಡೆಯತೊಡಗಿದ, ಮೂರು ವಾರಕ್ಕೆ ಮಾಮೂಲಾದ. ನಾನು ಮೊದಲಿನಂತಾಗಲು ಐದು ತಿಂಗಳು ಹಿಡಿಯಿತು. ಅವನಿಗೆ ಹದಿನೈದು, ನನಗೆ ನಲವತ್ತು. ಇಬ್ಬರ ಪೆಟ್ಟೂ ಬೇರೆ. ಇಷ್ಟರಿಂದಲೇ ಏನೂ ಸಾಬೀತಾಗುವುದಿಲ್ಲ ಅನ್ನಿ. ಆದರೆ ಬೇಗ ಎದ್ದು ನಡೆದವರು ಬೇಗ ಸುಧಾರಿಸಿಕೊಳ್ಳುತ್ತಾರೆ ಅಂತಲೇ ಈ ಬಗ್ಗೆ ನಡೆದ ಅಧ್ಯಯನಗಳೂ ಹೆಚ್ಚುಕಡಿಮೆ ಹೇಳುತ್ತವೆ.

ಸ್ಕ್ಯಾನ್ ನಾರ್ಮಲ್, ಆದರೂ ಯಾಕೆ ಹೀಗೆ?

ಪೆಟ್ಟಿಗೆ ಮಿದುಳು ಅಲುಗಿ ಹೀಗಾಗುವುದಕ್ಕೆ ಕನ್ಕಷನ್ ಅನ್ನುತ್ತಾರೆ. ಕ್ರಿಕೆಟ್ ನೋಡುವವರಿಗೆ ಪದ ಹೊಸದಲ್ಲ. 2020ರಲ್ಲಿ ಕ್ಯಾನ್‌ಬೆರಾದಲ್ಲಿ ಜಡೇಜ ಹೆಲ್ಮೆಟ್‌ಗೆ ಚೆಂಡು ಬಡಿದಾಗ ಅವರ ಬದಲಿಗೆ ಚಹಲ್ ಬಂದು ಮೂರು ವಿಕೆಟ್ ಕಿತ್ತರಲ್ಲ, ಅದೇ. 2019ರಲ್ಲಿ ಲಾರ್ಡ್ಸ್‌ನಲ್ಲಿ ಆರ್ಚರ್ ಬೌನ್ಸರ್ ಕುತ್ತಿಗೆಗೆ ಬಡಿದ ಮೇಲೂ ಸ್ಟೀವ್ ಸ್ಮಿತ್ ಮತ್ತೆ ಬ್ಯಾಟ್ ಹಿಡಿದು ಬಂದಿದ್ದರು. ಮಂಕು ಕವಿದದ್ದು ಮರುದಿನ ಬೆಳಗ್ಗೆ. ಲಕ್ಷಣಗಳು ಹೀಗೆ ತಡವಾಗಿಯೂ ಬರುತ್ತವೆ.

ಮಿದುಳು ಒಮ್ಮೆ ಜೋರಾಗಿ ಅಲುಗಿದಾಗ ನರಕೋಶಗಳ ಒಳಗಿನ, ಹೊರಗಿನ ಲವಣಗಳ ಲೆಕ್ಕ ತಪ್ಪುತ್ತದೆ. ಸರಿಪಡಿಸಲು ಜಾಸ್ತಿ ಶಕ್ತಿ ಬೇಕು. ಅದೇ ಹೊತ್ತಿಗೆ ರಕ್ತದ ಹರಿವು ಕಡಿಮೆಯಾಗಿರುತ್ತದೆ. ಮನೆಯ ಗೋಡೆ ನೆಟ್ಟಗಿದೆ, ವೋಲ್ಟೇಜ್ ಮಾತ್ರ ಏರುಪೇರು ಅಂದುಕೊಳ್ಳಿ. ಸಿಟಿ ಸ್ಕ್ಯಾನ್ ನೋಡುವುದು ಗೋಡೆಯನ್ನು.

ಮೊದಲು: ಇದು ಮನೆಯಲ್ಲಿ ನೋಡಿಕೊಳ್ಳುವ ಪೆಟ್ಟೇ?

ಮತ್ತೆ ಮತ್ತೆ ವಾಂತಿ, ಗಂಟೆ ಕಳೆದಂತೆ ಏರುವ ತಲೆನೋವು, ಎಬ್ಬಿಸಿದರೂ ಎಚ್ಚರವಾಗದ ಮಂಪರು, ಫಿಟ್ಸ್, ಮಾತು ತೊದಲುವುದು, ಕೈಕಾಲು ಸೋಲುವುದು, ಕಣ್ಣಿನ ಒಂದು ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಮೂಗು ಅಥವಾ ಕಿವಿಯಿಂದ ನೀರಿನಂಥದ್ದು ಸೋರುವುದು, ತಡೆಯಲಾರದ ಕುತ್ತಿಗೆ ನೋವು. ಇದರಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮತ್ತು 65 ದಾಟಿದವರು ಲಕ್ಷಣ ಇರಲಿ ಬಿಡಲಿ, ಸುಮ್ನೆ ಮನೆಯಲ್ಲಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಮುಂದೆ ಹೇಳುವುದೆಲ್ಲ ಡಾಕ್ಟರ್ ನೋಡಿ, ಅಪಾಯವಿಲ್ಲ ಅಂದವರಿಗೆ ಮಾತ್ರ.

ಮೊದಲ ಎರಡು ದಿನ

ವಿಶ್ರಾಂತಿ ಬೇಕು. ಆದರೆ ಕತ್ತಲೆ ಕೋಣೆ ಬೇಡ. ಮನೆಯೊಳಗೆ ಓಡಾಡಿ, ಊಟ ಎಲ್ಲರ ಜೊತೆ ಕೂತು ಮಾಡಿ, ಮಾತಾಡಿ. ಈ 48 ಗಂಟೆ ಮೊಬೈಲ್, ಟಿವಿ ಆದಷ್ಟು ಕಡಿಮೆ ಇರಲಿ. ಅಮೆರಿಕದಲ್ಲಿ 12ರಿಂದ 25 ವಯಸ್ಸಿನ 125 ಜನರ ಮೇಲೆ ಇದನ್ನೇ ಪರೀಕ್ಷಿಸಿದ್ದರು. 2021ರಲ್ಲಿ ಫಲಿತಾಂಶ ಬಂತು. ಎರಡು ದಿನ ಸ್ಕ್ರೀನ್ ಬಿಟ್ಟವರ ಲಕ್ಷಣಗಳು ಸುಮಾರು ಮೂರೂವರೆ ದಿನಕ್ಕೆ ಇಳಿದಿದ್ದವು. ಬಿಡದವರಿಗೆ ಎಂಟು ದಿನ. ಮನೆಯಲ್ಲಿ ಹದಿಹರೆಯದವರಿದ್ದರೆ ಈ ಸಂಖ್ಯೆ ಓದಿ ಹೇಳಿ. ನಮ್ಮ ಹುಡುಗ ಮೊಬೈಲ್ ಕೊಟ್ಟಿದ್ದು ಇದನ್ನು ಕೇಳಿದ ಮೇಲೆಯೇ.

ಹಾಗಿದ್ದರೆ ಇನ್ನೂ ನಾಲ್ಕು ದಿನ ಜಾಸ್ತಿ ಮಲಗಿದರೆ ಇನ್ನೂ ಒಳ್ಳೆಯದಲ್ವಾ? ಅಲ್ಲ. ವಿಸ್ಕಾನ್ಸಿನ್‌ನ ವೈದ್ಯರು 11ರಿಂದ 22 ವಯಸ್ಸಿನ 88 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಐದು ದಿನ ಕಟ್ಟುನಿಟ್ಟಿನ ವಿಶ್ರಾಂತಿ, ಇನ್ನೊಂದಕ್ಕೆ ಮಾಮೂಲಿನಂತೆ ಒಂದೆರಡು ದಿನ. ಐದು ದಿನ ಮಲಗಿದವರೇ ಹೆಚ್ಚು ಲಕ್ಷಣ ಹೇಳಿಕೊಂಡರು, ಅವರ ಲಕ್ಷಣಗಳು ಇಳಿಯಲೂ ಹೆಚ್ಚು ದಿನ ಬೇಕಾಯಿತು. ಇದು ಬಂದದ್ದು 2015ರಲ್ಲಿ. ನಮ್ಮಲ್ಲಿ "ಮಲಗಿರು, ಏಳಬೇಡ" ಅನ್ನುವ ಸಲಹೆ ಇವತ್ತಿಗೂ ಹಾಗೇ ಓಡುತ್ತಿದೆ.

ಮೂರನೇ ದಿನ: ಒಂದು ನೋಟ್‌ಬುಕ್, ಒಂದು ಗಡಿಯಾರ

ಇಡೀ ಲೇಖನದಲ್ಲಿ ಒಂದೇ ಭಾಗ ಕತ್ತರಿಸಿ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಶಾಲೆಯ ನೋಟ್‌ಬುಕ್ ಸಾಕು. ಹಾಳೆಯಲ್ಲಿ ಗೆರೆ ಎಳೆದು ನಾಲ್ಕು ಕಾಲಂ ಮಾಡಿ. ಏನು ಮಾಡಿದೆ, ಮೊದಲು ಎಷ್ಟು, ಆಮೇಲೆ ಎಷ್ಟು, ಇಳಿಯಲು ಎಷ್ಟು ಹೊತ್ತು. "ಎಷ್ಟು" ಅಂದರೆ ತಲೆನೋವು, ತಲೆಸುತ್ತು, ಮಂಕು ಎಲ್ಲ ಸೇರಿಸಿ ಸೊನ್ನೆಯಿಂದ ಹತ್ತರವರೆಗೆ ನೀವೇ ಕೊಡುವ ಅಂಕ. ಸೊನ್ನೆ ಅಂದರೆ ಏನೂ ಇಲ್ಲ. ಹತ್ತು ಅಂದರೆ ಸಹಿಸಲಾಗದ್ದು.

ಈಗ ನಡೆಯಿರಿ. ಸಮತಟ್ಟಾದ ರಸ್ತೆ, ಬಿಸಿಲಿಲ್ಲದ ಹೊತ್ತು, ಜೊತೆಗೊಬ್ಬರು. ಹತ್ತು ನಿಮಿಷ ಸಾಕು. ನಿಯಮ ಒಂದೇ. ನಡೆಯುವಾಗ ಅಂಕ ಎರಡಕ್ಕಿಂತ ಹೆಚ್ಚು ಏರಬಾರದು, ಏರಿದ್ದು ಒಂದು ಗಂಟೆಯೊಳಗೆ ಇಳಿಯಬೇಕು. ಮೂರಿದ್ದದ್ದು ಐದಾದರೆ ಪರವಾಗಿಲ್ಲ. ಆರಾದರೆ ಅಲ್ಲಿಗೇ ನಿಲ್ಲಿಸಿ, ನಾಳೆ ಹೊತ್ತು ಕಡಿಮೆ ಮಾಡಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2022ರಲ್ಲಿ ಕ್ರೀಡಾ ವೈದ್ಯರು ಸೇರಿ ಚರ್ಚಿಸಿ, ಮರುವರ್ಷ ಪ್ರಕಟಿಸಿದ ಒಮ್ಮತದ ಹೇಳಿಕೆಯಲ್ಲಿ ಇರುವ ಅಳತೆಯೂ ಇದೇ. ಸ್ವಲ್ಪ ತಲೆ ನೋಯುವುದು ಅಂದರೆ ಮಿದುಳಿಗೆ ಹೊಸ ಪೆಟ್ಟು ಅಂತ ಅರ್ಥವಲ್ಲ. ಇದು ಗೊತ್ತಿಲ್ಲದೆ ನಾನು ಪ್ರತಿ ಸಲ ನೋವು ಬಂದಾಗಲೂ ಮತ್ತೆ ಚಾಪೆ ಹಿಡಿಯುತ್ತಿದ್ದೆ.

ನಮ್ಮ ಹುಡುಗನ ಪುಸ್ತಕದ ಒಂದು ಸಾಲು ಹೀಗಿದೆ: "ಹಾಲಿನ ಬೂತ್‌ವರೆಗೆ. 2. 4. ಸ್ನಾನ ಮುಗಿಯೋವರೆಗೆ." ಇಷ್ಟು ಬರೆದರೆ ಸಾಕು.

ಎಷ್ಟು ಜೋರಾಗಿ ನಡೆಯಬೇಕು ಅನ್ನುವುದಕ್ಕೆ ನಾಡಿ ಎಣಿಸಿ. 220ರಲ್ಲಿ ವಯಸ್ಸು ಕಳೆಯಿರಿ. ನಲವತ್ತರವರಿಗೆ 180. ಶುರುವಿನಲ್ಲಿ ಅದರ ಶೇಕಡಾ 55, ಅಂದರೆ ನಿಮಿಷಕ್ಕೆ 99 ಬಡಿತದೊಳಗೆ ಇರಲಿ. ಹದಿನೈದು ಸೆಕೆಂಡಿಗೆ ಸುಮಾರು 25 ಎಣಿಕೆ. ಅದು ಒಗ್ಗಿದ ಮೇಲೆ ಶೇಕಡಾ 70, ಅಂದರೆ 126ರವರೆಗೆ ಹೋಗಬಹುದು. ಬಿಪಿ ಅಥವಾ ಹೃದಯದ ಮಾತ್ರೆ ನುಂಗುವವರಿಗೆ ಈ ಲೆಕ್ಕ ಹೊಂದದೇ ಇರಬಹುದು, ಡಾಕ್ಟರನ್ನೇ ಕೇಳಿ.

ಬೇಗ ಶುರು ಮಾಡಿದರೆ ಲಾಭ ಎಷ್ಟು? ಈ ಕೆಲಸದಲ್ಲಿ ದೊಡ್ಡ ಹೆಸರು ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ ಅವರ ತಂಡದ್ದು. 2019ರಲ್ಲಿ ಅವರು 103 ಹದಿಹರೆಯದ ಆಟಗಾರರ ಫಲಿತಾಂಶ ಕೊಟ್ಟರು. ಪೆಟ್ಟು ಬಿದ್ದು ಹತ್ತು ದಿನದೊಳಗೆ ಲಕ್ಷಣ ಕೆರಳದಷ್ಟು ಏರೋಬಿಕ್ ವ್ಯಾಯಾಮ (ನಡಿಗೆ, ಸೈಕಲ್‌ನಂಥ ನಾಡಿ ಏರಿಸುವ ವ್ಯಾಯಾಮ) ಶುರು ಮಾಡಿದವರು 13 ದಿನಕ್ಕೆ ಚೇತರಿಸಿಕೊಂಡರು. ಬರೀ ಸ್ಟ್ರೆಚಿಂಗ್ ಮಾಡಿದವರು 17 ದಿನಕ್ಕೆ. ನಾಲ್ಕೇ ದಿನದ ವ್ಯತ್ಯಾಸ ಅನಿಸಬಹುದು. ಆದರೆ 2021ರ ಇನ್ನೊಂದು ಅಧ್ಯಯನದಲ್ಲಿ ನಾಲ್ಕು ವಾರ ದಾಟಿ ಲಕ್ಷಣ ಉಳಿಯುವ ಸಾಧ್ಯತೆಯೇ ಶೇಕಡಾ 48ರಷ್ಟು ಇಳಿದಿತ್ತು. ನನಗೆ ಮುಖ್ಯ ಅನಿಸುವುದು ಈ ಎರಡನೆಯದು.

ಒಂದು ಮಾತು. ಈ ಅಧ್ಯಯನಗಳಲ್ಲಿ ಇದ್ದವರು ಹದಿಹರೆಯದ ಆಟಗಾರರು. ಬಚ್ಚಲಲ್ಲಿ ಜಾರಿಬಿದ್ದ ಐವತ್ತೈದರ ಗೃಹಿಣಿಗೂ ಇದೇ 13 ದಿನ ಅಂತ ಯಾರೂ ಬರೆದುಕೊಡಲಾರರು. ಮತ್ತೆ, ಬೇಗ ಅಂದರೆ ಜೋರು ಅಂತಲ್ಲ. ಮೂರನೇ ದಿನ ನಡಿಗೆ, ಮೂರನೇ ದಿನವೇ ಕಬಡ್ಡಿ ಅಲ್ಲ.

ತಡವಾಗಿದ್ದರೆ?

ನನ್ನ ಹಾಗೆ ವಾರಗಟ್ಟಲೆ ಮಲಗಿದವರು ಇಲ್ಲಿಂದ ಓದಿ. ರೈಲು ಹೋಗಿಬಿಟ್ಟಿಲ್ಲ. ಆದರೆ ಈಗ ಬರೀ ನಡಿಗೆ ಸಾಲದು. ನಾಲ್ಕು ವಾರ ದಾಟಿದ ಲಕ್ಷಣಕ್ಕೆ ಹೆಚ್ಚಾಗಿ ಒಂದಕ್ಕಿಂತ ಜಾಸ್ತಿ ಕಾರಣ ಇರುತ್ತವೆ. ಯಾವುದು ಯಾವುದರಿಂದ ಅಂತ ಬಿಡಿಸಿ ನೋಡಬೇಕು. ಬೇಗ ಶುರು ಮಾಡುವುದಕ್ಕೂ ತಡವಾಗಿ ಶುರು ಮಾಡುವುದಕ್ಕೂ ಇರುವ ನಿಜವಾದ ವ್ಯತ್ಯಾಸ ಇದೇ.

ಕುತ್ತಿಗೆಯಿಂದ ಶುರು ಮಾಡಿ. ತಲೆ ಅಲುಗುವಾಗ ಕುತ್ತಿಗೆಯೂ ಉಳುಕುತ್ತದೆ. ತಲೆಯ ಹಿಂಭಾಗದಿಂದ ಹೊರಟು ಕಣ್ಣಿನ ಮೇಲಕ್ಕೆ ಬರುವ ನೋವು, ಒಂದೇ ಕಡೆ ಕೂತಾಗ ಜಾಸ್ತಿಯಾಗುವ ನೋವು ಬಹಳ ಸಲ ಕುತ್ತಿಗೆಯದ್ದು. ನನ್ನ "ಮಿದುಳಿನ ನೋವಿನ" ಅರ್ಧ ಪಾಲು ಅಲ್ಲಿತ್ತು. ಫಿಸಿಯೋಥೆರಪಿಸ್ಟ್ ಎರಡು ಬೆರಳು ಒತ್ತಿದ್ದೇ ತಡ, ಅದೇ ನೋವು ಎದ್ದು ಬಂತು.

ಹಾಸಿಗೆಯಲ್ಲಿ ಹೊರಳಿದಾಗ ಅರ್ಧ ನಿಮಿಷ ಕೋಣೆ ಗಿರಗಿರ ತಿರುಗಿ ನಿಂತರೆ ಅದು ಸಮತೋಲನ ಕಾಯುವ ಒಳಗಿವಿಯ ಹರಳು ಜಾಗ ಬಿಟ್ಟ ಲಕ್ಷಣ ಇರಬಹುದು. ಗೊತ್ತಿರುವವರು ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಅದನ್ನು ಜಾಗಕ್ಕೆ ಕಳಿಸುತ್ತಾರೆ. ಕೆಲವರಿಗೆ ಒಂದೇ ಭೇಟಿಯಲ್ಲಿ ಸರಿಹೋಗುತ್ತದೆ. ಕುತ್ತಿಗೆ ನೋವಿರುವಾಗ ವಿಡಿಯೋ ನೋಡಿ ನೀವೇ ಮಾಡಿಕೊಳ್ಳಬೇಡಿ.

ಇನ್ನು ಕಣ್ಣು ಮತ್ತು ಕಿವಿಯ ಹೊಂದಾಣಿಕೆ. ನನ್ನ ಗೋಡೆ ತಡವಾಗಿ ಬರುತ್ತಿದ್ದದ್ದು ಇದರಿಂದ. ನನಗೆ ಕೊಟ್ಟ ವ್ಯಾಯಾಮ ನೋಡಿದರೆ ನಗು ಬರುತ್ತದೆ. ಒಂದು ಚೀಟಿಯಲ್ಲಿ ಪೆನ್ನಿನಿಂದ "ಅ" ಬರೆದು, ಕೂತಾಗ ಕಣ್ಣಿನ ನೇರಕ್ಕೆ ಬರುವಂತೆ ಗೋಡೆಗೆ ಅಂಟಿಸುವುದು. ಒಂದು ಕೈ ಉದ್ದ ದೂರ ಕೂತು, ಕಣ್ಣು ಅಕ್ಷರ ಬಿಡದಂತೆ ತಲೆಯನ್ನು "ಇಲ್ಲ ಇಲ್ಲ" ಅನ್ನುವ ಹಾಗೆ ಸ್ವಲ್ಪವೇ ಆಡಿಸುವುದು. ಅಕ್ಷರ ಮಸುಕಾದರೆ ವೇಗ ಜಾಸ್ತಿಯಾಯಿತು ಅಂತ. ಮೊದಲ ದಿನ ಹತ್ತು ಸೆಕೆಂಡಿಗೆ ಹೊಟ್ಟೆ ತೊಳಸಿತು. ತಿಂಗಳ ಕೊನೆಗೆ ಒಂದು ನಿಮಿಷ ಆರಾಮಾಗಿ ಮಾಡುತ್ತಿದ್ದೆ. ಆ ಚೀಟಿ ಈಗಲೂ ಅಡುಗೆಮನೆ ಗೋಡೆಯಲ್ಲಿದೆ. ಮನೆಗೆ ಬಂದವರು ಪಾಪು ಶಾಲೆಗೆ ಸೇರಿತಾ ಅಂತ ಕೇಳುತ್ತಾರೆ.

ಇದಕ್ಕೂ ಆಧಾರ ಇದೆ. ಕೆನಡಾದ ಕ್ಯಾಲ್ಗರಿಯಲ್ಲಿ ಸುಮಾರು ಮೂವತ್ತು ಜನರ ಮೇಲೆ ನಡೆದ ಅಧ್ಯಯನ, ಪ್ರಕಟವಾದದ್ದು 2014ರಲ್ಲಿ. ಕುತ್ತಿಗೆ ಮತ್ತು ಸಮತೋಲನ ಎರಡಕ್ಕೂ ಫಿಸಿಯೋಥೆರಪಿ ಪಡೆದ 15 ಜನರಲ್ಲಿ 11 ಮಂದಿ ಎಂಟು ವಾರದೊಳಗೆ ಆಟಕ್ಕೆ ಮರಳಬಹುದು ಅಂತ ಡಾಕ್ಟರ ಒಪ್ಪಿಗೆ ಪಡೆದರು. ಪಡೆಯದ 14 ಜನರಲ್ಲಿ ಒಬ್ಬರು. ಸಣ್ಣ ಅಧ್ಯಯನವೇ ಸರಿ. ಆದರೂ 11ಕ್ಕೂ ಒಂದಕ್ಕೂ ಇರುವ ಅಂತರ ಸಣ್ಣದಲ್ಲ.

ನಡಿಗೆಯಂತೂ ಇದರ ಜೊತೆಗೆ ಇರಲೇಬೇಕು. ಅದೇ ನೋಟ್‌ಬುಕ್, ಅದೇ ಎರಡು ಅಂಕದ ನಿಯಮ. ತಡವಾದವರಿಗೆ ಐದು ನಿಮಿಷದಿಂದ ಶುರು ಮಾಡಿದರೂ ನಾಚಿಕೆ ಇಲ್ಲ, ಮಲಗಿ ಮಲಗಿ ದೇಹವೇ ಸೋತಿರುತ್ತದೆ. ಒಂದು ಬಲೆಗೆ ಮಾತ್ರ ಬೀಳಬೇಡಿ. ಒಂದು ದಿನ ಚೆನ್ನಾಗಿದೆ ಅಂತ ಮನೆಯೆಲ್ಲ ಗುಡಿಸಿ, ಬಟ್ಟೆ ಒಗೆದು, ಮಾರ್ಕೆಟ್‌ಗೂ ಹೋಗಿ, ಆಮೇಲೆ ಎರಡು ದಿನ ಮಲಗುವುದು. ಹಬ್ಬದ ಹಿಂದಿನ ದಿನ ನಾನು ಮಾಡಿದ್ದು ಇದನ್ನೇ. ಹೋಳಿಗೆ ತಿಂದದ್ದು ಹಾಸಿಗೆಯಲ್ಲಿ.

ನಿದ್ದೆ, ಮನಸ್ಸು, ಮಾತ್ರೆ ಈ ಮೂರನ್ನೂ ಡಾಕ್ಟರ ಮುಂದೆ ತಪ್ಪದೆ ಹೇಳಿ. ತಲೆನೋವಿನ ಮಾತ್ರೆಯನ್ನು ತಿಂಗಳಿಗೆ ಹದಿನೈದು ದಿನ ನುಂಗಿದರೆ ಆ ಮಾತ್ರೆಯೇ ತಲೆನೋವು ತರಬಹುದು. ಬೇಸರ, ಸಿಡುಕು, ಭಯ ಇದ್ದರೆ "ಇದೆಲ್ಲ ನಾಟಕ" ಅನ್ನುವ ನೆಂಟರ ಮಾತಿಗೆ ಕಿವಿಗೊಡಬೇಡಿ, ಅವೂ ಇದೇ ಪೆಟ್ಟಿನ ಜೊತೆ ಬರುವಂಥವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಬೇರೆ ಊರಿನವರು ಹತ್ತಿರದ ದೊಡ್ಡ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ "ತಲೆಸುತ್ತಿಗೆ, ಸಮತೋಲನಕ್ಕೆ ವ್ಯಾಯಾಮ ಕಲಿಸುವವರು ಇದ್ದಾರಾ" ಅಂತ ನೇರವಾಗಿ ಕೇಳಿ. ಬರೀ ಸೊಂಟ ನೋವಿಗೆ ಕರೆಂಟ್ ಕೊಡುವವರಾದರೆ ಇನ್ನೊಂದು ಕಡೆ ವಿಚಾರಿಸಿ. ನೋಟ್‌ಬುಕ್ ಮರೆಯದೆ ತೆಗೆದುಕೊಂಡು ಹೋಗಿ.

ಶಾಲೆ, ಆಟ, ಸ್ಕೂಟರ್

ಮಕ್ಕಳಿಗೆ ಮೊದಲು ಶಾಲೆ, ಆಮೇಲೆ ಆಟ. ಅರ್ಧ ದಿನದಿಂದ ಶುರು ಮಾಡಿಸಿ, ಪರೀಕ್ಷೆ ಮುಂದೂಡಲು ಮೇಷ್ಟ್ರನ್ನು ಕೇಳಿ. ಆಟಕ್ಕೆ ಮರಳುವುದು ಮೆಟ್ಟಿಲು ಮೆಟ್ಟಿಲಾಗಿ, ಒಂದೊಂದು ಮೆಟ್ಟಿಲಿಗೂ ಕಡಿಮೆಯೆಂದರೆ ಒಂದು ದಿನ. ಮೈಗೆ ಮೈ ತಾಗುವ ಆಟಕ್ಕೆ ಡಾಕ್ಟರ ಒಪ್ಪಿಗೆ ಬೇಕೇ ಬೇಕು. ಸ್ಮಿತ್ ಕೂಡ ಮುಂದಿನ ಟೆಸ್ಟ್ ಬಿಟ್ಟರು. ಅದರ ಮುಂದಿನ ಟೆಸ್ಟ್‌ನಲ್ಲಿ 211 ಹೊಡೆದರು.

ಸ್ಕೂಟರ್ ಹತ್ತುವ ಮೊದಲು ಕುರ್ಚಿಯಲ್ಲಿ ಕೂತು, ಹಿಂದೆ ಗಾಡಿ ಬಂತಾ ಅಂತ ನೋಡುವ ಹಾಗೆ ಬಲಕ್ಕೆ, ಎಡಕ್ಕೆ ತಲೆ ತಿರುಗಿಸಿ. ಹತ್ತು ಸಲ. ತಲೆ ಸುತ್ತಿದರೆ ಇನ್ನೂ ಬಸ್ಸೇ ಗತಿ. ಸುತ್ತದಿದ್ದರೂ ಡಾಕ್ಟರನ್ನು ಒಂದು ಮಾತು ಕೇಳಿಯೇ ಹತ್ತಿ. ಹೊಸ ಹೆಲ್ಮೆಟ್ ಕೊಳ್ಳಿ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್‌ನ ಒಳಗಿನ ಥರ್ಮೋಕೋಲ್ ಒತ್ತಿಹೋಗಿರುತ್ತದೆ, ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ. ನನ್ನ ಹಳೆಯದನ್ನು ತಮ್ಮ "ಚೆನ್ನಾಗೇ ಇದೆಯಲ್ಲಕ್ಕಾ" ಅಂತ ತನ್ನ ಬೈಕಿಗೆ ನೇತುಹಾಕಿಕೊಂಡಿದ್ದ. ಅದರ ಪಟ್ಟಿ ಕತ್ತರಿಸಿಯೇ ಕಸದ ಗಾಡಿಗೆ ಹಾಕಿದೆ.